ಡಿಂಗ್‌ಷಿಯಾನ್ ಸೀಮೆಯ ಗ್ರಾಮಾರೋಗ್ಯ ವ್ಯವಸ್ಥೆ

ದೇಶಗಳ ಇತಿಹಾಸವನ್ನು ರಚಿಸುವವರು ಯುದ್ಧಗಳನ್ನೂ ಸಂಧಿಗಳನ್ನೂ ಅರಸರ ವಂಶಾವಳಿಗಳನ್ನೂ ವಿಸ್ತಾರವಾಗಿ ವರ್ಣಿಸುವರು. ಒಂದೂರಿನ ಬಾವಿಗೆ ಕಟ್ಟೆಯನ್ನು ಕಟ್ಟಿಸಿದವರಾರು, ಆ ಊರಿನ ಕೂಸುಗಳಿಗೆ ಸಿಡುಬು ಬಾರದಂತೆ ದೇವಿ ಹಾಕಿದವರಾರು, ಅದಕ್ಕೆ ತಗುಲಿದ ವೆಚ್ಚವನ್ನು ಹೊತ್ತವರಾರು ಎಂಬ ಸಂಗತಿಗಳು ಆ ಗ್ರಂಥಗಳಲ್ಲಿ ದೊರೆಯುವುದು ವಿರಳ. ಆದರೂ ಪ್ರಜೆಗಳ ಬಾಳು ಹಸನಾಗುವುದೂ ಹಾಳಾಗುವುದೂ ಬಹುಮಟ್ಟಿಗೆ ಇಂತಹ ಸಣ್ಣ ಸಂಗತಿಗಳಿಂದಲೇ. ದೇಹವು ಸಕಲ ಧರ್ಮಕ್ಕೂ ಮೊದಲ ಸಾಧನವೆಂದು ಹಿರಿಯರು ಎಣಿಸಿದ್ದು ಸುಮ್ಮನೆ ಅಲ್ಲ. ಚೀನಾ ದೇಶದ ಒಂದು ಬಡ ಸೀಮೆಯು ತನ್ನ ಹಳ್ಳಿಗಳ ಆರೋಗ್ಯವನ್ನು ತನ್ನ ಶಕ್ತಿಯ ಮಿತಿಯಲ್ಲಿಯೇ ಕಾಪಾಡಿಕೊಳ್ಳಲೆಳಸಿದ ವೃತ್ತಾಂತವು ಈ ಕಾರಣದಿಂದ ಅವಶ್ಯವಾಗಿ ತಿಳಿಯತಕ್ಕುದಾಗಿದೆ.

ಡಿಂಗ್‌ಷಿಯಾನ್ ಎಂಬ ಈ ಸೀಮೆಯು ಉತ್ತರ ಚೀನಾದ ಹೆಬೈ ಪ್ರಾಂತದಲ್ಲಿ, ಬೀಜಿಂಗ್ ನಗರಕ್ಕೆ ದಕ್ಷಿಣದಲ್ಲಿ ಸುಮಾರು 200 ಕಿಲೋಮೀಟರು ದೂರದಲ್ಲಿ, ಹಾಂಕೌ ನಗರಕ್ಕೆ ಹೋಗುವ ರೈಲುಮಾರ್ಗದ ಮೇಲಿರುವುದು. ಚೀನೀ ಭಾಷೆಯಲ್ಲಿ ‘ಷಿಯಾನ್’ ಎಂದರೆ ಒಬ್ಬ ಅಧಿಕಾರಿಯ ಆಡಳಿತಕ್ಕೊಳಪಟ್ಟ ಸೀಮೆ. ನಮ್ಮ ತಾಲ್ಲೂಕಿಗಿಂತ ತುಸು ಹಿರಿದು, ಜಿಲ್ಲೆಗಿಂತ ಕಿರಿದು. ಅಲ್ಲಿಯ ಪಟ್ಟಣದಲ್ಲಿ ಕ್ರಿ. ಶ. 1055ರಲ್ಲಿ ಪೂರ್ಣಗೊಂಡ ಇಟ್ಟಿಗೆಯ ಉನ್ನತವಾದ ಬೌದ್ಧಗೋಪುರವೊಂದು ಇಂದಿಗೂ ನಿಂತಿದೆ. ಭರತಖಂಡಕ್ಕೆ ಯಾತ್ರೆ ಬಂದು ಧಾತುಗಳನ್ನು ಕೊಂಡೊಯ್ದ ಭಿಕ್ಷುವೊಬ್ಬನ ನಿಮಿತ್ತವಾಗಿ ಅದು ಕಟ್ಟಲ್ಪಟ್ಟಿತೆಂದು ಪ್ರಸಿದ್ಧಿ. 1930ರ ಸುಮಾರಿನಲ್ಲಿ ಈ ಸೀಮೆಯೊಳಗೆ ನಾನೂರಕ್ಕೂ ಮಿಕ್ಕ ಹಳ್ಳಿಗಳೂ ಸುಮಾರು ನಾಲ್ಕು ಲಕ್ಷ ಜನರೂ ಇದ್ದರು. ಅವರಲ್ಲಿ ಬಹುತೇಕರು ಒಕ್ಕಲಿಗರು.

ಇಲ್ಲಿಯ ಸುಧಾರಣೆಗೆ ಮೊದಲು ಕೈಯಿಟ್ಟವರು ವೈದ್ಯರಲ್ಲ, ಅಕ್ಷರ ಕಲಿಸುವವರು. ಜೇಮ್ಸ್ ಯೆನ್ ಎಂದು ಹೊರನಾಡುಗಳಲ್ಲಿ ಹೆಸರಾದ ಯಾನ್ ಯಾಂಗ್‌ಚು ಎಂಬ ಮಹನೀಯರು ಮೊದಲನೆಯ ಮಹಾಯುದ್ಧದ ಕಾಲಕ್ಕೆ ಫ್ರಾನ್ಸ್ ದೇಶದಲ್ಲಿ ದುಡಿಯುತ್ತಿದ್ದ ಚೀನೀ ಕೂಲಿಕಾರರಿಗೆ ಓದುಬರಹ ಕಲಿಸಿದವರು. ಸಾವಿರ ಅಕ್ಷರಗಳಲ್ಲಿ ನಿತ್ಯೋಪಯೋಗದ ವಿದ್ಯೆಯನ್ನೆಲ್ಲ ಅಡಕಮಾಡಿದವರು. ಸ್ವದೇಶಕ್ಕೆ ಮರಳಿ 1923ರಲ್ಲಿ ಜನಶಿಕ್ಷಣ ಸಂಘವನ್ನು ಸ್ಥಾಪಿಸಿ, 1926ರಲ್ಲಿ ಡಿಂಗ್‌ಷಿಯಾನನ್ನು ತಮ್ಮ ಪ್ರಯೋಗಕ್ಷೇತ್ರವನ್ನಾಗಿ ಆರಿಸಿಕೊಂಡರು. ಅಜ್ಞಾನ, ದಾರಿದ್ರ್ಯ, ರೋಗ, ಸ್ವಾರ್ಥ ಇವೇ ಹಳ್ಳಿಯ ನಾಲ್ಕು ವ್ಯಾಧಿಗಳೆಂದೂ, ಒಂದನ್ನು ಬಿಟ್ಟು ಇನ್ನೊಂದನ್ನು ವಾಸಿಮಾಡುವುದು ಅಸಾಧ್ಯವೆಂದೂ ಅವರ ನಿಶ್ಚಯವಾಗಿದ್ದಿತು. ಅಕ್ಷರ ಕಲಿತ ಒಕ್ಕಲಿಗನು ಮಲೇರಿಯಾದಿಂದ ಮಲಗಿದರೆ ಆ ಅಕ್ಷರದಿಂದ ಫಲವೇನು?

ಯಾವ ಕಾರ್ಯಕ್ಕೂ ಮೊದಲು ವಸ್ತುಸ್ಥಿತಿಯನ್ನು ಅರಿಯಬೇಕಷ್ಟೆ. ಲಿ ಜಿಂಗ್‌ಹಾನ್ ಎಂಬ ಸಮಾಜಶಾಸ್ತ್ರಜ್ಞರು ಹಳ್ಳಿಹಳ್ಳಿಗಳನ್ನು ಶೋಧಿಸಿ ಕಲೆಹಾಕಿದ ವರದಿಯು 1933ರಲ್ಲಿ ಪ್ರಕಟವಾಯಿತು. ಈ ಕಾಲದ ಪರಿಶೀಲನೆಗಳಿಂದ ತಿಳಿದುಬಂದ ಸಂಗತಿಗಳು ಎದೆ ನಡುಗಿಸುವಂತಹವು. ಹೆಚ್ಚುಕಡಮೆ ಅರ್ಧದಷ್ಟು ಹಳ್ಳಿಗಳಲ್ಲಿ ಯಾವ ಬಗೆಯ ವೈದ್ಯನೂ ಇರಲಿಲ್ಲ. ಸತ್ತವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಜನರು ಯಾವ ಚಿಕಿತ್ಸೆಯನ್ನೂ ಕಾಣದೆ ಸತ್ತಿದ್ದರು. ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು ಇನ್ನೂರು ವರ್ಷ ತುಂಬುವ ಮೊದಲೇ ಮಣ್ಣುಗೂಡುತ್ತಿದ್ದುವು. ಸಿಡುಬು, ಆಮಶಂಕೆ, ಕಣ್ಣುಬೇನೆ ಇವು ನಿತ್ಯದ ಅತಿಥಿಗಳಾಗಿದ್ದುವು. ಆದರೆ ಒಂದು ಮಾತನ್ನು ಮರೆಯಬಾರದು: ಇಷ್ಟು ಬಡವರಾದರೂ ಈ ಜನರು ಔಷಧಕ್ಕೆ ಹಣ ವೆಚ್ಚ ಮಾಡದಿರಲಿಲ್ಲ. ತಲೆಗೆ ವರ್ಷಕ್ಕೆ ಸುಮಾರು ಮೂವತ್ತು ಸೆಂಟಿನಂತೆ, ಎಂದರೆ ಚೀನೀ ನಾಣ್ಯವಾದ ಯುವಾನಿನ ಹತ್ತರಲ್ಲಿ ಮೂರು ಪಾಲಿನಂತೆ, ನಾಡಮದ್ದಿಗೆ ವ್ಯಯವಾಗುತ್ತಿದ್ದಿತು.

1929ರಲ್ಲಿ ಅಮೆರಿಕದ ಮಿಲ್‌ಬ್ಯಾಂಕ್ ಸ್ಮಾರಕ ನಿಧಿಯ ನೆರವಿನಿಂದ ಸೀಮೆಯಲ್ಲಿ ಆರೋಗ್ಯಕಾರ್ಯವು ಮೊದಲಾಯಿತು. ಚಿಕಿತ್ಸಾಲಯವೇನೋ ತೆರೆಯಿತು, ಆದರೆ ಅದರ ಉಪಯೋಗವು ಹತ್ತಿರದವರಿಗಲ್ಲದೆ ದೂರದ ಹಳ್ಳಿಗಳಿಗೆ ಮುಟ್ಟಲಿಲ್ಲ. 1932ರಲ್ಲಿ ಸಿ. ಸಿ. ಚೆನ್ ಎಂಬ ತರುಣ ವೈದ್ಯರು ಆರೋಗ್ಯವಿಭಾಗದ ಭಾರವನ್ನು ವಹಿಸಿಕೊಂಡರು. ಇವರು ಪೀಕಿಂಗ್ ಯೂನಿಯನ್ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಗ್ರ್ಯಾಂಟ್ ಎಂಬ ಆಚಾರ್ಯರ ಶಿಷ್ಯರು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಪಟ್ಟಣದಲ್ಲಿ ಸುಖವಾಗಿ ಜೀವಿಸಬಹುದಾಗಿದ್ದ ವಿದ್ಯಾವಂತನು ಧೂಳಿನ ಸೀಮೆಯನ್ನು ಅರಸಿ ಬಂದುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಚೆನ್ ಅವರ ವಿಚಾರಕ್ರಮವು ಗಮನಾರ್ಹವಾದುದು. ಉತ್ತಮವಾದ ಆಸ್ಪತ್ರೆಯೆಂದರೆ ಹೇಗಿರಬೇಕೆಂದು ಅವರು ಮೊದಲು ಕೇಳಲಿಲ್ಲ. ಈ ಸೀಮೆಯ ಜನರು ಎಷ್ಟು ಕೊಡಬಲ್ಲರೆಂದು ಕೇಳಿದರು. ಹಳ್ಳಿಗೊಬ್ಬ ವೈದ್ಯನನ್ನು ನಿಯಮಿಸಲು ಹಣವೂ ಇಲ್ಲ, ದೇಶದಲ್ಲಿ ಅಷ್ಟು ವೈದ್ಯರೂ ಇಲ್ಲ. ಇಂತಿರುವಲ್ಲಿ ಹಳ್ಳಿಯಲ್ಲಿ ಆಗತಕ್ಕ ಕೆಲಸಗಳಲ್ಲಿ ವೈದ್ಯನೇ ಮಾಡಬೇಕಾದುದೆಷ್ಟು, ಚೆನ್ನಾಗಿ ಕಲಿಸಿದರೆ ಒಕ್ಕಲಿಗನೂ ಮಾಡಬಹುದಾದುದೆಷ್ಟು ಎಂದು ಅವರು ವಿಂಗಡಿಸಿದರು. ಈ ವಿಂಗಡಣೆಯಿಂದ ಮೂರು ಮೆಟ್ಟಿಲುಗಳ ವ್ಯವಸ್ಥೆಯೊಂದು ಏರ್ಪಟ್ಟಿತು.

ಮೊದಲನೆಯ ಮೆಟ್ಟಿಲು ಗ್ರಾಮಾರೋಗ್ಯ ಸೇವಕನದು. ಜನಶಿಕ್ಷಣ ಶಾಲೆಯಲ್ಲಿ ಓದಿದವರ ಸಂಘವು ತನ್ನೊಳಗಿನಿಂದಲೇ ಒಬ್ಬನನ್ನು ಆರಿಸುತ್ತಿದ್ದಿತು. ಅವನು ಅದೇ ಊರಿನವನು, ಬೇಸಾಯವನ್ನು ಬಿಟ್ಟವನಲ್ಲ. ಅವನಿಗೆ ಹತ್ತು ದಿವಸಗಳ ಶಿಕ್ಷಣ. ಊರಿನ ಜನನಮರಣಗಳನ್ನು ಬರೆದಿಡುವುದು, ಸಿಡುಬಿಗೆ ದೇವಿ ಹಾಕುವುದು, ಬಾವಿಯ ನೀರು ಕೆಡದಂತೆ ನೋಡಿಕೊಳ್ಳುವುದು, ಗಾಯ ಮತ್ತು ಸಣ್ಣಪುಟ್ಟ ಬೇನೆಗಳಿಗೆ ಉಪಚರಿಸುವುದು, ನೆರೆಯವರಿಗೆ ಆರೋಗ್ಯದ ಮಾತುಗಳನ್ನು ತಿಳಿಸುವುದು ಇವಿಷ್ಟೇ ಅವನ ಕೆಲಸಗಳು. ಅವನ ಕೈಗೆ ಒಂದು ಔಷಧದ ಪೆಟ್ಟಿಗೆಯನ್ನು ಕೊಡುತ್ತಿದ್ದರು. ಅದರಲ್ಲಿ ಕಣ್ಣಿನ ಮದ್ದು, ಹರಳೆಣ್ಣೆ, ಆಸ್ಪಿರಿನ್, ಗಾಯದ ಔಷಧ, ಪಟ್ಟಿಬಟ್ಟೆ ಮುಂತಾದ, ಸಾಮಾನ್ಯವಾದ ಪದಾರ್ಥಗಳು ಮಾತ್ರ ಇರುತ್ತಿದ್ದುವು. ತನಗೆ ತಿಳಿಯದ ರೋಗಿಯನ್ನು ಮೇಲಿನವರ ಬಳಿಗೆ ಕಳುಹಿಸುವುದೇ ಅವನು ಕಲಿಯಬೇಕಾದ ಮುಖ್ಯವಿದ್ಯೆಯಾಗಿದ್ದಿತು.

ಎರಡನೆಯ ಮೆಟ್ಟಿಲು ಉಪಸೀಮೆಯ ಆರೋಗ್ಯಶಾಲೆ. ಸುಮಾರು ಮೂವತ್ತು ಸಾವಿರ ಜನರಿಗೆ ಒಂದರಂತಿದ್ದ ಇಲ್ಲಿ ಒಬ್ಬ ವೈದ್ಯನೂ ಒಬ್ಬಿಬ್ಬರು ಸಹಾಯಕರೂ ಇರುತ್ತಿದ್ದರು. ರೋಗಿಗಳನ್ನು ನೋಡುವುದರ ಜೊತೆಗೆ ಗ್ರಾಮಸೇವಕರ ಕೆಲಸವನ್ನು ಪರೀಕ್ಷಿಸಿ ತಿದ್ದುವುದೂ ಶಾಲೆಯ ಮಕ್ಕಳ ಆರೋಗ್ಯವನ್ನು ವಿಚಾರಿಸುವುದೂ ವೈದ್ಯನ ಕರ್ತವ್ಯವಾಗಿದ್ದಿತು. ಮೂರನೆಯದು ಪಟ್ಟಣದಲ್ಲಿದ್ದ ಮುಖ್ಯ ಆರೋಗ್ಯಕೇಂದ್ರ. ಆಸ್ಪತ್ರೆ, ಪರೀಕ್ಷಾಲಯ, ಶಿಕ್ಷಣವಿಭಾಗ ಇವು ಅಲ್ಲಿದ್ದುವು. ಇಡೀ ಸೀಮೆಯ ಆರೋಗ್ಯನೀತಿಯೂ ಲೆಕ್ಕಪತ್ರಗಳೂ ಅಲ್ಲಿಂದಲೇ ನಡೆಯುತ್ತಿದ್ದುವು. ಈ ಮೂರರಲ್ಲಿ ಯಾವುದೊಂದು ಕಳಚಿದರೂ ಉಳಿದೆರಡು ನಿಲ್ಲಲಾರವು. ಮೇಲ್ವಿಚಾರಣೆಯಿಲ್ಲದ ಗ್ರಾಮಸೇವಕನು ಬೇಗನೆ ಅರೆವೈದ್ಯನಾಗುವನು. ಗ್ರಾಮಸೇವಕನಿಲ್ಲದ ಆಸ್ಪತ್ರೆಯು ಪಟ್ಟಣಿಗರ ಸೊತ್ತಾಗುವುದು.

ಇದಕ್ಕೆಲ್ಲ ತಗುಲಿದ ವೆಚ್ಚವು ತಲೆಗೆ ವರ್ಷಕ್ಕೆ ಸುಮಾರು ಹತ್ತು ಸೆಂಟು ಮಾತ್ರ. ಎಂದರೆ ಜನರು ಮೊದಲೇ ಮದ್ದಿಗೆಂದು ಚೆಲ್ಲುತ್ತಿದ್ದುದರ ಮೂರರಲ್ಲೊಂದು ಪಾಲು. ಬಡಸೀಮೆಗೆ ಆರೋಗ್ಯವು ಎಟುಕದ ಹಣ್ಣೆಂಬ ವಾದವು ಈ ಲೆಕ್ಕದ ಮುಂದೆ ದುರ್ಬಲವಾಯಿತು. ಇದಲ್ಲದೆ 1933ರಲ್ಲಿ ಹೆಬೈ ಪ್ರಾಂತದ ಸರಕಾರವು ಡಿಂಗ್‌ಷಿಯಾನಿನಲ್ಲಿಯೇ ಪುನರ್ನಿರ್ಮಾಣ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿ, ಸೀಮೆಯ ಆಡಳಿತವನ್ನೇ ಈ ಪ್ರಯೋಗಕ್ಕೆ ಜೋಡಿಸಿತು. ಅಂದಿನಿಂದ ಧರ್ಮಕಾರ್ಯವಾಗಿದ್ದುದು ರಾಜ್ಯಕಾರ್ಯವೂ ಆಯಿತು.

ಫಲವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡುಬಂದುದು ಸಿಡುಬಿನ ವಿಷಯದಲ್ಲಿ. ಪರಸ್ಥಳದ ವೈದ್ಯನನ್ನು ಕಂಡು ಬಾಗಿಲು ಮುಚ್ಚುತ್ತಿದ್ದ ತಾಯಂದಿರು ತಮ್ಮೂರ ಹುಡುಗನೇ ಬಂದು ದೇವಿ ಹಾಕುವೆನೆಂದಾಗ ಕೂಸಿನ ತೋಳನ್ನು ನೀಡಿದರು. ಕೆಲವೇ ವರ್ಷಗಳಲ್ಲಿ ಸಿಡುಬು ಆ ಸೀಮೆಯಿಂದ ಬಹುತೇಕ ಅಡಗಿತು.

ಎಲ್ಲ ಕಾರ್ಯಗಳೂ ಹೀಗೆ ಕೈಗೂಡಿದುವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುವುದು. ಹೊಕ್ಕುಳಿನ ಮೂಲಕ ಸೋಂಕು ತಗುಲಿ ಧನುರ್ವಾಯುವಿನಿಂದ ಹಸುಗೂಸುಗಳು ಸಾಯುತ್ತಿದ್ದುವು. ಇದನ್ನು ತಡೆಯಲು ಪಟ್ಟಣದಲ್ಲಿ ಕಲಿತ ಸೂಲಗಿತ್ತಿಯರನ್ನು ಕರೆತಂದರೆ, ಮದುವೆಯಾಗದ ಹುಡುಗಿಯು ಹೆರಿಗೆಯ ಮರ್ಮವನ್ನೇನು ಬಲ್ಲಳೆಂದು ಹಳ್ಳಿಯ ಹಿರಿಯ ಹೆಂಗಸರು ನಂಬಲಿಲ್ಲ. ಹಳೆಯ ಸೂಲಗಿತ್ತಿಯರಿಗೇ ಹೊಸ ಕ್ರಮವನ್ನು ಕಲಿಸಹೋದರೆ, ಅವರು ಎದುರಿಗೆ ಒಪ್ಪಿ ಹಿಂದೆ ರೂಢಿಯನ್ನೇ ಅನುಸರಿಸಿದರು. ಕೊನೆಗೆ ಆಯಾ ಊರಿನ ಹೆಂಗಸರನ್ನೇ ಆರಿಸಿ ಕಲಿಸುವ ಮಾರ್ಗವನ್ನು ಹಿಡಿಯಬೇಕಾಯಿತು. ಗ್ರಾಮಸೇವಕರು ಹೆಚ್ಚಾಗಿ ಗಂಡಸರೇ ಆಗಿದ್ದುದರಿಂದ ಹೆರಿಗೆಮನೆಯ ಬಾಗಿಲು ಅವರಿಗೆ ಮುಚ್ಚಿಯೇ ಇದ್ದಿತು. ಮತ್ತು ಆರೋಗ್ಯದ ವೆಚ್ಚವು ಸ್ವಲ್ಪವಾದರೂ, ಪ್ರಯೋಗವನ್ನು ನಡೆಯಿಸಿದ ತಜ್ಞರ ಜೀವನವು ಪರದೇಶದ ದಾನವನ್ನು ಅವಲಂಬಿಸಿದ್ದಿತು. ದಾನಿಯು ಹಿಂದೆಗೆದರೆ ಗತಿಯೇನೆಂಬ ಪ್ರಶ್ನೆಗೆ ಉತ್ತರ ಹೇಳಲು ಕಾಲವು ಅವಕಾಶ ಕೊಡಲಿಲ್ಲ.

1937ರ ಆಗಸ್ಟಿನಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಜಾವಾ ದ್ವೀಪದ ಬಾಂಡುಂಗ್ ನಗರದೊಳಗೆ ಪೂರ್ವದೇಶಗಳ ಗ್ರಾಮಾರೋಗ್ಯ ಪರಿಷತ್ತು ನೆರೆಯಿತು. ಹಳ್ಳಿಯ ಆರೋಗ್ಯವನ್ನು ಬೇಸಾಯ, ಆಹಾರ, ವಿದ್ಯೆ ಇವುಗಳೊಡನೆ ಕೂಡಿಸಿಯೇ ವಿಚಾರಿಸಬೇಕೆಂದು ಅಲ್ಲಿ ಚರ್ಚೆಯಾಗುತ್ತಿದ್ದ ಹೊತ್ತಿಗೆ, ಉತ್ತರ ಚೀನಾದಲ್ಲಿ ಜಪಾನಿನ ಸೈನ್ಯವು ಮುನ್ನುಗ್ಗುತ್ತಿದ್ದಿತು. ಆ ವರ್ಷವೇ ಡಿಂಗ್‌ಷಿಯಾನ್ ಶತ್ರುವಶವಾಯಿತು. ಕಾರ್ಯಕರ್ತರು ದಕ್ಷಿಣಕ್ಕೆ ಚದರಿದರು. ಐದಾರು ವರ್ಷಗಳ ಶ್ರಮವು ತಿಂಗಳುಗಳಲ್ಲಿ ಕದಡಿಹೋಯಿತು. ಚೆನ್ ಅವರು ಧೈರ್ಯಗುಂದದೆ 1939ರಿಂದ ತಮ್ಮ ಜನ್ಮಪ್ರಾಂತವಾದ ಸಿಚುವಾನಿನ ಆರೋಗ್ಯಾಡಳಿತವನ್ನು ವಹಿಸಿ, ಅಲ್ಲಿಯ ಅನೇಕ ಸೀಮೆಗಳಲ್ಲಿ ಆರೋಗ್ಯಕೇಂದ್ರಗಳನ್ನು ತೆರೆಯಿಸಿದರು.

1949ರಲ್ಲಿ ರಾಜ್ಯಕ್ರಾಂತಿಯಾದ ಬಳಿಕ ಡಿಂಗ್‌ಷಿಯಾನಿನ ಪದ್ಧತಿಯು ಪರದೇಶೀಯರ ಕೃತಿಯೆಂಬ ನಿಂದೆಗೆ ಗುರಿಯಾಯಿತು. ಚೆನ್ ಅವರೂ ಅಪಮಾನವನ್ನು ಅನುಭವಿಸಬೇಕಾಯಿತು. ವಿಧಿವಿಲಾಸವೆಂದರೆ ಇದು: 1965ರ ತರುವಾಯ ಅದೇ ದೇಶವು ಒಕ್ಕಲಿಗರಿಗೇ ಸ್ವಲ್ಪಕಾಲದ ಶಿಕ್ಷಣವಿತ್ತು ‘ಬರಿಗಾಲ ವೈದ್ಯ’ರೆಂಬ ಹೆಸರಿನಿಂದ ಹಳ್ಳಿಹಳ್ಳಿಗೆ ನಿಯಮಿಸಿತು. 1978ರಲ್ಲಿ ಆಲ್ಮಾ ಆಟಾ ನಗರದಲ್ಲಿ ಪ್ರಾಥಮಿಕ ಆರೋಗ್ಯಸೇವೆಯು ಸರ್ವರಿಗೂ ದೊರೆಯಬೇಕೆಂದು ಘೋಷಿಸಿದಾಗ ಲೋಕದ ಕಣ್ಣಿಗೆ ಈ ಬರಿಗಾಲ ವೈದ್ಯರೇ ಆದರ್ಶವಾಗಿ ಕಂಡರು. ಹಳೆಯ ಬೀಜವು ಬಿತ್ತಿದವನ ಹೆಸರಿಲ್ಲದೆ ಮೊಳೆತಿದ್ದಿತು. ಚೆನ್ ಅವರು ತಮ್ಮ ಅನುಭವಗಳನ್ನು 1989ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿ, 2000ದಲ್ಲಿ ಕಾಲವಶರಾದರು.

ಈ ವೃತ್ತಾಂತಕ್ಕೂ ಭರತಖಂಡಕ್ಕೂ ಸಂಬಂಧವಿಲ್ಲವೆಂದು ತಿಳಿಯಬಾರದು. ಚೆನ್ ಅವರ ಗುರುಗಳಾದ ಗ್ರ್ಯಾಂಟ್ ಅವರು 1939ರಿಂದ 1945ರ ವರೆಗೆ ಕಲಕತ್ತೆಯ ಅಖಿಲಭಾರತ ಆರೋಗ್ಯಶಾಸ್ತ್ರ ಸಂಸ್ಥೆಯ ನಿರ್ದೇಶಕರಾಗಿದ್ದರು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯಲ್ಲಿಯೂ ಸದಸ್ಯರಾಗಿದ್ದರು. ಆ ಸಮಿತಿಯು 1946ರಲ್ಲಿ ಒಪ್ಪಿಸಿದ ವರದಿಯಲ್ಲಿ, ಸದ್ಯಕ್ಕೆ ನಲವತ್ತು ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯಕೇಂದ್ರವಿರಬೇಕೆಂದು ಸೂಚಿಸಲಾಗಿದ್ದಿತು. ಮೈಸೂರು ಸಂಸ್ಥಾನವು ಅದಕ್ಕೂ ಮೊದಲೇ, 1930ರ ಆಸುಪಾಸಿನಲ್ಲಿ, ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವನ್ನು ಪಡೆದು ಮಂಡ್ಯದಲ್ಲಿ ಗ್ರಾಮಾರೋಗ್ಯದ ಪ್ರಯೋಗವನ್ನು ಕೈಕೊಂಡಿದ್ದಿತು. 2005ರಲ್ಲಿ ಭಾರತದಲ್ಲಿ ಪ್ರಾರಂಭವಾದ ಆಶಾ ಕಾರ್ಯಕರ್ತೆಯರ ಯೋಜನೆಯಲ್ಲಿಯೂ ಆಯಾ ಊರಿನವರನ್ನೇ ಊರಿನ ಆರೋಗ್ಯಕ್ಕೆ ನಿಯಮಿಸುವ ಅದೇ ತತ್ತ್ವವು ಕಾಣುವುದು; ಡಿಂಗ್‌ಷಿಯಾನಿನಲ್ಲಿ ಹೆಂಗಸರಿಲ್ಲದೆ ಉಂಟಾದ ಕೊರತೆಯು ಇಲ್ಲಿ ಹೆಂಗಸರಿಂದಲೇ ತುಂಬಲ್ಪಟ್ಟಿದೆ.

ಈ ಇತಿಹಾಸದಿಂದ ತಿಳಿಯತಕ್ಕುದು ಇಷ್ಟು. ಆರೋಗ್ಯವೆಂಬುದು ದೊಡ್ಡ ಕಟ್ಟಡದಿಂದ ಇಳಿದು ಹಳ್ಳಿಗೆ ಬರುವ ವಸ್ತುವಲ್ಲ. ಹಳ್ಳಿಯಿಂದ ಮೊದಲಾಗಿ ಮೇಲಕ್ಕೆ ಕಟ್ಟಬೇಕಾದ ವಸ್ತು. ತನ್ನ ಗಂಟನ್ನು ಎಣಿಸಿಕೊಂಡು, ತನ್ನ ಸತ್ತವರನ್ನು ಲೆಕ್ಕವಿಟ್ಟು, ತನ್ನವರಿಂದಲೇ ಸೇವಕರನ್ನಾರಿಸಿದ ಸೀಮೆಯು ಬಡತನದಲ್ಲಿಯೂ ತನ್ನ ಮಕ್ಕಳನ್ನು ಉಳಿಸಿಕೊಳ್ಳಬಲ್ಲುದು. ಅನ್ನದಾನ ವಿದ್ಯಾದಾನಗಳೊಡನೆ ಔಷಧದಾನವನ್ನೂ ಎಣಿಸುತ್ತ ಬಂದ ನಾಡಿನವರಿಗೆ ಈ ಮಾತು ಹೊಸದಲ್ಲ. ಆದರೆ ಕೊಡುವವನ ಪುಣ್ಯಕ್ಕಿಂತ ಪಡೆಯುವವನ ಸ್ವಾವಲಂಬನವು ಹಿರಿದೆಂಬುದನ್ನು, ಔಷಧದ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಹೊಲದಿಂದ ಮನೆಮನೆಗೆ ನಡೆದ ಆ ಹೆಸರಿಲ್ಲದ ಒಕ್ಕಲಿಗರು ಆಚರಿಸಿ ತೋರಿಸಿದರು.