ಒಂದು ಪತ್ರ, ಒಬ್ಬ ಸಾರ್ಜೆಂಟ್, 36 ವರ್ಷ

(1/8)

ಮೊದಲ ಫೋಟೋ ಸರಿಯಾಗಿ ನೋಡಿ. ಅಮೆರಿಕದ ವಾಯುಪಡೆಯ ಯೂನಿಫಾರ್ಮ್, ಎದೆ ಮೇಲೆ ಪದಕಗಳ ಪಟ್ಟಿ. ಇದು 1975ರ ಸೆಪ್ಟೆಂಬರ್ 8ರ ಟೈಮ್ ಪತ್ರಿಕೆಯ ಮುಖಪುಟ. ಮೇಲೆ ದಪ್ಪಕ್ಷರದಲ್ಲಿ ಬರೆದಿರೋದು ಇಷ್ಟು: ನಾನೊಬ್ಬ ಸಲಿಂಗಿ.

ಈಗ ನಮಗೆ ಇದೇನು ಮಹಾ ಅನ್ನಿಸಬಹುದು. ಆದ್ರೆ ತಾನು ಗೇ ಅಂತ ಬಹಿರಂಗವಾಗಿ ಹೇಳ್ಕೊಂಡ ವ್ಯಕ್ತಿಯೊಬ್ಬರ ಫೋಟೋ ಹೆಸರಿನ ಸಮೇತ ಅಮೆರಿಕದ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬಂದಿದ್ದು ಅದೇ ಮೊದಲು.

ಹೆಸರು ಲಿಯೋನಾರ್ಡ್ ಮ್ಯಾಟ್ಲೊವಿಚ್. ಹುಟ್ಟಿದ್ದು 1943ರಲ್ಲಿ, ಜಾರ್ಜಿಯಾ ರಾಜ್ಯದ ಸವಾನ್ನಾದಲ್ಲಿ. ಅಪ್ಪ ಕೂಡ ವಾಯುಪಡೆಯ ಸಾರ್ಜೆಂಟ್. ಮಗ ಹತ್ತೊಂಬತ್ತಕ್ಕೇ ಸೇನೆ ಸೇರಿದ್ರು. ವಿಯೆಟ್ನಾಂ ಯುದ್ಧಕ್ಕೆ ಒಂದಲ್ಲ, ಮೂರು ಸಲ ಹೋದ್ರು. ಬ್ರಾಂಜ್ ಸ್ಟಾರ್ ಸಿಕ್ಕಿತು. ಡಾ ನಾಂಗ್‌ನಲ್ಲಿ ನೆಲಬಾಂಬ್ ಸಿಡಿದು ಗಾಯಗೊಂಡಾಗ ಪರ್ಪಲ್ ಹಾರ್ಟ್ ಪದಕವೂ ಬಂತು. ಹನ್ನೆರಡು ವರ್ಷದ ಸೇವೆಯಲ್ಲಿ ಅವರ ಕೆಲಸದ ಬಗ್ಗೆ ಬೊಟ್ಟು ಮಾಡೋ ಹಾಗೆ ಏನೂ ಇರಲಿಲ್ಲ.

ಆಮೇಲೆ ಅವರು ಒಂದು ನಿಜ ಹೇಳಿದ್ರು. ಅಷ್ಟಕ್ಕೇ ಕೆಲಸ ಹೋಯ್ತು.

ಈ ಸೀರೀಸ್ ಅವರ ಬಗ್ಗೆ, ಅವರ ಹಿಂದೆ ಮುಂದೆ ಇದ್ದವರ ಬಗ್ಗೆ. ಓದ್ತಾ ಓದ್ತಾ ಒಂದು ವಿಷಯ ಗಮನಿಸ್ತಾ ಹೋಗಿ. ಗೇ ಮತ್ತು ಲೆಸ್ಬಿಯನ್ ಸೈನಿಕರು ಕೇಳಿದ್ದು "ನಮ್ಮನ್ನ ಸೇನೆಗೆ ಸೇರಿಸ್ಕೊಳ್ಳಿ" ಅಂತ ಅಲ್ಲ. ಅವರು ಆಗಲೇ ಒಳಗಿದ್ರು. ಕೇಳಿದ್ದು, ಸುಳ್ಳು ಹೇಳದೆ ಇರೋಕೆ ಬಿಡಿ ಅಂತ.

(2/8)

ಸ್ವಲ್ಪ ಹಿಂದೆ ಹೋಗೋಣ.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆ, ಭರ್ತಿಗೆ ಬಂದವರನ್ನ ಮನೋವೈದ್ಯರ ಮುಂದೆ ಕೂರಿಸೋಕೆ ಶುರು ಮಾಡಿತು. ಸಲಿಂಗಿಗಳನ್ನ ಬಾಗಿಲಲ್ಲೇ ತಡೆಯೋದು ಅದರ ಒಂದು ಉದ್ದೇಶ. ಆದ್ರೆ ಯುದ್ಧಕ್ಕೆ ಜನ ಬೇಕಿತ್ತು, ಲಕ್ಷಗಟ್ಟಲೆ. ಹಾಗಾಗಿ ಎಷ್ಟೋ ಜನ ಒಳಗೆ ಬಂದ್ರು, ಹೋರಾಡಿದ್ರು, ಸತ್ತರು ಕೂಡ.

ಸಿಕ್ಕಿಬಿದ್ದವರ ಪೈಕಿ ಎಷ್ಟೋ ಜನರಿಗೆ ಕೊಟ್ಟಿದ್ದು "ಬ್ಲೂ ಡಿಸ್ಚಾರ್ಜ್". ನೀಲಿ ಕಾಗದದ ಮೇಲೆ ಅಚ್ಚಾದ ಬಿಡುಗಡೆ ಪತ್ರ. ಅದರಲ್ಲಿ ಗೌರವವೂ ಇಲ್ಲ, ನೇರವಾದ ಆರೋಪವೂ ಇಲ್ಲ. ಆದ್ರೆ ಪರಿಣಾಮ ಜೋರು. ಯುದ್ಧ ಮುಗಿಸಿ ಬಂದವರಿಗೆ ಸರ್ಕಾರ ಕಾಲೇಜ್ ಫೀಸು, ಮನೆ ಸಾಲದ ಸೌಲಭ್ಯ ಕೊಡ್ತಿತ್ತು. ನೀಲಿ ಕಾಗದ ಇದ್ದವರಿಗೆ ಅದು ಇಲ್ಲ. ಕೆಲಸ ಕೇಳೋಕೆ ಹೋದ ಕಡೆಯೆಲ್ಲ ಆ ಬಣ್ಣ ನೋಡಿಯೇ ಅನುಮಾನ. ಕಪ್ಪು ಸೈನಿಕರಿಗೂ ಈ ಪತ್ರ ಅವರ ಸಂಖ್ಯೆಗೆ ಮೀರಿ ಸಿಕ್ಕಿತ್ತು ಅನ್ನೋದನ್ನ ನೆನಪಿಡಿ, ಮುಂದೆ ಬೇಕಾಗುತ್ತೆ. ಬ್ಲೂ ಡಿಸ್ಚಾರ್ಜ್ 1947ರಲ್ಲಿ ನಿಂತಿತು. ನಿಷೇಧ ನಿಲ್ಲಲಿಲ್ಲ.

ಆಮೇಲೆ ಶೀತಲ ಸಮರ. ಈಗ ಹೊಸ ಕಾರಣ: ಸಲಿಂಗಿಗಳನ್ನ ಶತ್ರು ದೇಶದವರು ಬ್ಲ್ಯಾಕ್‌ಮೇಲ್ ಮಾಡಬಹುದು, ಹಾಗಾಗಿ ಅವರು ದೇಶಕ್ಕೆ ಅಪಾಯ. ಇದರಲ್ಲಿರೋ ತಮಾಷೆ ನೋಡಿ. ಗುಟ್ಟು ಹೊರಬಿದ್ರೆ ಕೆಲಸ ಹೋಗುತ್ತೆ ಅನ್ನೋ ಭಯ ಇದ್ರೆ ತಾನೇ ಬ್ಲ್ಯಾಕ್‌ಮೇಲ್ ಆಗೋದು? ಆ ಭಯ ಹುಟ್ಟಿಸಿದ್ದು ಇದೇ ನಿಯಮ.

(3/8)

ಈ ಫೋಟೋದಲ್ಲಿ ಸೂಟು ಟೈ ಹಾಕ್ಕೊಂಡು ಬೋರ್ಡ್ ಹಿಡಿದು ನಿಂತಿರೋರು ಫ್ರ್ಯಾಂಕ್ ಕ್ಯಾಮೆನಿ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನಲ್ಲಿ ಹೋರಾಡಿದ ಸೈನಿಕ. ಹಾರ್ವರ್ಡ್‌ನಲ್ಲಿ ಖಗೋಳ ವಿಜ್ಞಾನದ ಡಾಕ್ಟರೇಟ್. ಸೇನೆಯ ನಕ್ಷೆ ತಯಾರಿಸೋ ಇಲಾಖೆಯಲ್ಲಿ ಕೆಲಸ. 1957ರಲ್ಲಿ ಸಲಿಂಗಿ ಅನ್ನೋ ಕಾರಣಕ್ಕೆ ಅವರನ್ನ ತೆಗೆದುಹಾಕಿದ್ರು.

ಅಂಥ ಕಾಲದಲ್ಲಿ ಎಲ್ಲರೂ ಮಾಡ್ತಿದ್ದದ್ದು ಒಂದೇ, ಬಾಯಿ ಮುಚ್ಕೊಂಡು ಊರು ಬಿಡೋದು. ಕ್ಯಾಮೆನಿ ಕೋರ್ಟಿಗೆ ಹೋದ್ರು. ಸುಪ್ರೀಂ ಕೋರ್ಟಿಗೆ ಅರ್ಜಿಯನ್ನ ತಾವೇ ಕೂತು ಬರೆದ್ರು. 1961ರಲ್ಲಿ ಕೋರ್ಟ್ ಅದನ್ನ ವಿಚಾರಣೆಗೆ ತಗೊಳ್ಳಲೇ ಇಲ್ಲ. ಅದೇ ವರ್ಷ ಅವರು ಗೆಳೆಯರ ಜೊತೆ ಮ್ಯಾಟಶೀನ್ ಸೊಸೈಟಿ ಆಫ್ ವಾಷಿಂಗ್ಟನ್ ಅನ್ನೋ ಸಂಘಟನೆ ಕಟ್ಟಿದ್ರು.

1965ರ ಏಪ್ರಿಲ್ 17ಕ್ಕೆ ಶ್ವೇತಭವನದ ಮುಂದೆ, ಜುಲೈ 31ಕ್ಕೆ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್ ಮುಂದೆ ಬೋರ್ಡ್ ಹಿಡಿದು ನಿಂತ್ರು. ಗಂಡಸರಿಗೆ ಸೂಟು, ಹೆಂಗಸರಿಗೆ ಸ್ಕರ್ಟು, ಇದು ಅವರದ್ದೇ ಕಟ್ಟುನಿಟ್ಟು. ಕೆಲಸ ಕೇಳೋಕೆ ಬಂದವರು ಕೆಲಸಕ್ಕೆ ಲಾಯಕ್ಕಾಗಿ ಕಾಣಬೇಕು ಅನ್ನೋ ಲೆಕ್ಕ.

ಅದೇ ಲೆಕ್ಕದಲ್ಲಿ ಅವರು ಒಬ್ಬ ಸೈನಿಕನನ್ನ ಹುಡುಕ್ತಾ ಇದ್ರು. ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇರಬಾರದು. ಅಂಥವರು ಸಿಕ್ಕಿದ್ರೆ ಸೇನೆಯ ಹತ್ರ ಬೇರೆ ಯಾವ ನೆಪವೂ ಉಳಿಯಲ್ಲ. 1974ರಲ್ಲಿ ಏರ್ ಫೋರ್ಸ್ ಟೈಮ್ಸ್ ಪತ್ರಿಕೆಯಲ್ಲಿ ಅವರ ಸಂದರ್ಶನ ಬಂತು. ಅದನ್ನ ಓದಿ ಒಬ್ಬ ಸಾರ್ಜೆಂಟ್ ಫೋನ್ ಮಾಡಿದ್ರು. ಹೌದು, ಮ್ಯಾಟ್ಲೊವಿಚ್.

(4/8)

ಆಗ ಮ್ಯಾಟ್ಲೊವಿಚ್ ವರ್ಜೀನಿಯಾದ ಲ್ಯಾಂಗ್ಲಿ ವಾಯುನೆಲೆಯಲ್ಲಿದ್ರು. ಅವರ ಕೆಲಸ ಏನು ಗೊತ್ತಾ? ಬಿಳಿಯರು ಮತ್ತು ಕಪ್ಪು ಜನರ ನಡುವಿನ ಸಂಬಂಧದ ಬಗ್ಗೆ ಸೈನಿಕರಿಗೆ ಪಾಠ ಮಾಡೋದು. ಸೇನೆಯೊಳಗೆ ಜನಾಂಗದ ಜಗಳ ಹೆಚ್ಚಾದ ಮೇಲೆ ಈ ತರಗತಿಗಳು ಕಡ್ಡಾಯ ಆಗಿದ್ವು. ದಕ್ಷಿಣದಲ್ಲಿ ಬೆಳೆದ ಮ್ಯಾಟ್ಲೊವಿಚ್ ತಲೆಯಲ್ಲೂ ಚಿಕ್ಕಂದಿನಲ್ಲಿ ವರ್ಣಭೇದವೇ ತುಂಬಿತ್ತು. ಅದನ್ನ ಅವರು ಬಿಟ್ಟಿದ್ದು ದೊಡ್ಡವರಾದ ಮೇಲೆ.

ಇಲ್ಲಿ ಇತಿಹಾಸ ಕೈ ಜೋಡಿಸುತ್ತೆ. 1948ರಲ್ಲಿ ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿ ಬಿಳಿಯರು, ಕಪ್ಪು ಜನ ಅನ್ನೋ ಭೇದ ಇರಬಾರದು ಅಂತ ಆದೇಶ ಹೊರಡಿಸಿದಾಗ ವಿರೋಧಿಸಿದವರ ವಾದ ಹೀಗಿತ್ತು: ಒಂದೇ ಕೋಣೆಯಲ್ಲಿ ಮಲಗೋದು, ಒಂದೇ ಕಡೆ ಸ್ನಾನ ಮಾಡೋದು ಅಂದ್ರೆ ಸೈನಿಕರು ಒಪ್ಪಲ್ಲ, ಶಿಸ್ತು ಕೆಡುತ್ತೆ. ಗೇ ಸೈನಿಕರ ವಿರುದ್ಧ ಹೇಳ್ತಿದ್ದದ್ದೂ ಇದೇ ಮಾತು. ಕ್ಲಾಸಿನಲ್ಲಿ ದಿನಾ ಆ ಹಳೇ ವಾದವನ್ನ ಬಿಡಿಸಿ ಹೇಳ್ತಿದ್ದ ಮೇಷ್ಟ್ರಿಗೆ ಅದು ತಮಗೂ ಅನ್ವಯಿಸುತ್ತೆ ಅಂತ ಹೊಳೆಯದೆ ಇರುತ್ತಾ?

1975ರ ಮಾರ್ಚ್ 6. ಮ್ಯಾಟ್ಲೊವಿಚ್ ತಮ್ಮ ಮೇಲಧಿಕಾರಿಯ ಕೈಗೆ ಒಂದು ಪತ್ರ ಕೊಟ್ರು. ನಾನು ಸಲಿಂಗಿ, ಆದರೂ ಸೇವೆಯಲ್ಲಿ ಮುಂದುವರಿಯೋಕೆ ಅರ್ಹ, ಇದು ಅದರ ಸಾರ. ಆ ಅಧಿಕಾರಿ ಕಪ್ಪು ಜನಾಂಗದ ಒಬ್ಬ ಕ್ಯಾಪ್ಟನ್. ಇದರ ಅರ್ಥ ಏನು ಅಂತ ಅವರು ಕೇಳಿದಾಗ ಮ್ಯಾಟ್ಲೊವಿಚ್ ಹೆಸರಿಸಿದ್ದು ಬ್ರೌನ್ ಪ್ರಕರಣವನ್ನ. ಕಪ್ಪು ಮಕ್ಕಳಿಗೆ ಬೇರೆ, ಬಿಳಿ ಮಕ್ಕಳಿಗೆ ಬೇರೆ ಸರ್ಕಾರಿ ಶಾಲೆ ಅನ್ನೋದು ಸಂವಿಧಾನಕ್ಕೆ ವಿರುದ್ಧ ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣ. ವಿವರಿಸಿ ಹೇಳೋ ಅಗತ್ಯವೇ ಇರಲಿಲ್ಲ.

(5/8)

ಮೇ ತಿಂಗಳಲ್ಲಿ, ಅಮೆರಿಕ ತನ್ನ ಸತ್ತ ಸೈನಿಕರನ್ನ ನೆನೆಯೋ ಮೆಮೋರಿಯಲ್ ಡೇ ದಿನ, ಈ ಸುದ್ದಿ ನ್ಯೂಯಾರ್ಕ್ ಟೈಮ್ಸ್ ಮುಖಪುಟಕ್ಕೆ ಬಂತು. ಸಂಜೆ ಟಿವಿಯಲ್ಲೂ ಬಂತು. ಅಮ್ಮನಿಗೆ ಮಗ ಮೊದಲೇ ಹೇಳಿದ್ರು, ಅಮ್ಮ ಅಪ್ಪನಿಗೆ ಹೇಳಿರಲಿಲ್ಲ. 32 ವರ್ಷ ವಾಯುಪಡೆಯಲ್ಲಿ ದುಡಿದ ಆ ಅಪ್ಪನಿಗೆ ವಿಷಯ ಗೊತ್ತಾಗಿದ್ದು ಹೀಗೆ, ಇಡೀ ದೇಶದ ಜೊತೆ. ಅವರು ಸುಮಾರು ಎರಡು ಗಂಟೆ ಅತ್ತರಂತೆ. ಆಮೇಲೆ, ಅವನು ತಡ್ಕೊಳ್ಳೋದಾದ್ರೆ ನಾನೂ ತಡ್ಕೋತೀನಿ ಅಂದ್ರಂತೆ.

ಸೆಪ್ಟೆಂಬರ್‌ನಲ್ಲಿ ವಾಯುಪಡೆಯ ವಿಚಾರಣೆ. ಅವರ ಕೆಲಸ ಚೆನ್ನಾಗಿಲ್ಲ ಅಂತ ಯಾರಿಗೂ ಹೇಳೋಕೆ ಆಗಲಿಲ್ಲ. ಇನ್ನು ಮುಂದೆ ಸಲಿಂಗ ಸಂಬಂಧ ಇಟ್ಕೊಳ್ಳೋದಿಲ್ಲ ಅಂತ ಬರೆದು ಸಹಿ ಹಾಕಿದ್ರೆ ಕೆಲಸ ಉಳಿಯುತ್ತೆ ಅನ್ನೋ ದಾರಿಯನ್ನೂ ಮುಂದಿಟ್ರು. ಅವರು ಸಹಿ ಹಾಕಲಿಲ್ಲ.

ಅಕ್ಟೋಬರ್ 22ಕ್ಕೆ ಸೇವೆಯಿಂದ ಹೊರಗೆ. ದಾಖಲೆ ಅಷ್ಟು ಚೆನ್ನಾಗಿದ್ದರಿಂದ ಕೊನೆಗೆ ಕೊಟ್ಟಿದ್ದು ಗೌರವದ ಬಿಡುಗಡೆ. ಗೌರವ ಕೊಟ್ಟು ಹೊರಗೆ ಹಾಕೋದು ಅಂದ್ರೆ ಇದೇ.

ಕೋರ್ಟಿನ ದಾರಿ ಐದು ವರ್ಷ ಹಿಡಿಯಿತು. ವಾಯುಪಡೆಯ ನಿಯಮದಲ್ಲಿ ಒಂದು ಸಣ್ಣ ಸಂದು ಇತ್ತು: ತೀರಾ ಅಪರೂಪದ ಸಂದರ್ಭದಲ್ಲಿ ಸಲಿಂಗಿಯನ್ನೂ ಸೇವೆಯಲ್ಲಿ ಉಳಿಸ್ಕೊಬಹುದು. 1978ರಲ್ಲಿ ಮೇಲ್ಮನವಿ ನ್ಯಾಯಾಲಯ ಕೇಳಿದ್ದು, ಹಾಗಾದ್ರೆ ಇವರನ್ನ ಯಾಕೆ ಉಳಿಸ್ಕೊಳ್ಳಲಿಲ್ಲ, ಕಾರಣ ಕೊಡಿ ಅಂತ. ವಾಯುಪಡೆ ಒಪ್ಪುವಂಥ ಉತ್ತರ ಕೊಡಲಿಲ್ಲ. 1980ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶ ಗೆಸೆಲ್, ಬಾಕಿ ಸಂಬಳ ಕೊಟ್ಟು ಅವರನ್ನ ವಾಪಸ್ ತಗೊಳ್ಳಿ ಅಂತ ಆದೇಶ ಮಾಡಿದ್ರು.

(6/8)

ಗೆದ್ರಲ್ಲಾ, ಕಥೆ ಮುಗೀತು ಅಂದ್ಕೊಂಡ್ರಾ? ಇಲ್ಲ.

ವಾಯುಪಡೆ ವಾಪಸ್ ತಗೊಳ್ಳೋ ಬದಲು 1,60,000 ಡಾಲರ್ ಕೊಡೋಕೆ ಮುಂದಾಯ್ತು. ಮ್ಯಾಟ್ಲೊವಿಚ್ ಒಪ್ಕೊಂಡ್ರು. ಒಳಗೆ ಹೋದ್ರೆ ಇನ್ನೇನಾದ್ರೂ ನೆಪ ಹುಡುಕಿ ಮತ್ತೆ ತೆಗೀತಾರೆ, ಸುಪ್ರೀಂ ಕೋರ್ಟ್ ತನಕ ಹೋದ್ರೆ ಸೋಲಬಹುದು, ಇದು ಅವರ ಯೋಚನೆ.

ಪೆಂಟಗನ್ ಕಲಿತ ಪಾಠ ಬೇರೆ. 1981ರ ಜನವರಿಯಲ್ಲಿ ಹೊಸ ನಿಯಮ ಬಂತು: ಸಲಿಂಗಕಾಮಕ್ಕೂ ಸೇನಾ ಸೇವೆಗೂ ಹೊಂದಾಣಿಕೆ ಇಲ್ಲ. ಆ ಸಣ್ಣ ಸಂದನ್ನ ಮುಚ್ಚಿಬಿಟ್ರು. ಒಬ್ಬರು ಕೇಸು ಗೆದ್ದಿದ್ದಕ್ಕೆ ಉಳಿದವರ ಬಾಗಿಲು ಇನ್ನೂ ಗಟ್ಟಿಯಾಯ್ತು. 1980ರಿಂದ 1990ರವರೆಗೆ ಸುಮಾರು 17,000 ಜನರನ್ನ ಈ ಕಾರಣಕ್ಕೆ ಹೊರಗೆ ಕಳಿಸಿದ್ರು. ಅದರಲ್ಲಿ ಹೆಂಗಸರ ಪಾಲು ಸೇನೆಯಲ್ಲಿದ್ದ ಅವರ ಪಾಲಿಗಿಂತ ಎಷ್ಟೋ ಜಾಸ್ತಿ.

ಅದರ ಒಂದು ಮುಖ ಕರ್ನಲ್ ಮಾರ್ಗರೆಥ್ ಕ್ಯಾಮರ್‌ಮೇಯರ್. ನಾರ್ವೆಯಲ್ಲಿ ಹುಟ್ಟಿದವರು, ವಿಯೆಟ್ನಾಂನಲ್ಲಿ ನರ್ಸ್ ಆಗಿದ್ದವರು, ಬ್ರಾಂಜ್ ಸ್ಟಾರ್ ಪಡೆದವರು, ನಾಲ್ಕು ಗಂಡುಮಕ್ಕಳ ತಾಯಿ. 1989ರಲ್ಲಿ ಭದ್ರತಾ ಅನುಮತಿಗಾಗಿ ನಡೆದ ಸಂದರ್ಶನದಲ್ಲಿ ತಾನು ಲೆಸ್ಬಿಯನ್ ಅಂತ ಇದ್ದದ್ದು ಇದ್ದ ಹಾಗೆ ಹೇಳಿದ್ರು. 1992ರಲ್ಲಿ ಕೆಲಸ ಹೋಯ್ತು. 1994ರಲ್ಲಿ ಕೋರ್ಟ್ ಅವರ ಪರ ನಿಂತಿತು, ಅವರು ವಾಪಸ್ ಬಂದು 1997ರಲ್ಲಿ ನಿವೃತ್ತಿ ಆದ್ರು.

ಮ್ಯಾಟ್ಲೊವಿಚ್ ಅದನ್ನ ನೋಡಲಿಲ್ಲ. 1988ರ ಜೂನ್ 22ಕ್ಕೆ ಏಡ್ಸ್‌ನಿಂದ ತೀರಿಕೊಂಡ್ರು, 44 ವರ್ಷ. ವಾಷಿಂಗ್ಟನ್‌ನ ಕಾಂಗ್ರೆಷನಲ್ ಸಿಮೆಟ್ರಿಯಲ್ಲಿರೋ ಕಪ್ಪು ಸಮಾಧಿ ಕಲ್ಲನ್ನ ಬದುಕಿದ್ದಾಗಲೇ ಅವರೇ ವಿನ್ಯಾಸ ಮಾಡಿದ್ದು. ಕಲ್ಲಿನ ಮುಖದ ಮೇಲೆ ಹೆಸರಿಲ್ಲ, ಒಬ್ಬ ಗೇ ವಿಯೆಟ್ನಾಂ ಯೋಧ ಅಂತಷ್ಟೇ ಇದೆ. ಎಲ್ಲರ ಕಲ್ಲು ಅದಾಗಲಿ ಅಂತ. ಕೆಳಗಿರೋ ಮಾತಿನ ಅರ್ಥ: ಇಬ್ಬರನ್ನ ಕೊಂದಿದ್ದಕ್ಕೆ ಸೇನೆ ಪದಕ ಕೊಟ್ಟಿತು, ಒಬ್ಬನನ್ನ ಪ್ರೀತಿಸಿದ್ದಕ್ಕೆ ಹೊರಗೆ ಹಾಕಿತು.

(7/8)

1992ರ ಚುನಾವಣೆಯಲ್ಲಿ ಬಿಲ್ ಕ್ಲಿಂಟನ್ ನಿಷೇಧ ತೆಗೀತೀನಿ ಅಂತ ಮಾತು ಕೊಟ್ಟಿದ್ರು. ಗೆದ್ದ ಮೇಲೆ ಸೇನಾ ಮುಖ್ಯಸ್ಥರೂ ಸಂಸತ್ತೂ ಅಡ್ಡ ನಿಂತ್ರು. 1993ರಲ್ಲಿ ಹುಟ್ಟಿದ್ದು ಒಂದು ರಾಜಿ: "ಕೇಳಬೇಡಿ, ಹೇಳಬೇಡಿ". ಸೇನೆ ಕೇಳೋ ಹಾಗಿಲ್ಲ, ಸೈನಿಕರು ಹೇಳೋ ಹಾಗಿಲ್ಲ.

ಕೇಳೋಕೆ ಮೃದು ಅನ್ಸುತ್ತೆ. ಬದುಕೋಕೆ? ಗೆಳತಿಯ ಫೋಟೋ ಪರ್ಸಿನಲ್ಲಿ ಇಡೋ ಹಾಗಿಲ್ಲ. ಯುದ್ಧಕ್ಕೆ ಹೋಗುವಾಗ ಸಂಗಾತಿ ಬಂದು ಎಲ್ಲರೆದುರು ತಬ್ಬಿಕೊಳ್ಳೋ ಹಾಗಿಲ್ಲ. ಯಾರಾದ್ರೂ ಹೊಡೆದ್ರೆ, ಯಾಕೆ ಹೊಡೆದ್ರು ಅಂತ ದೂರು ಕೊಡೋಕೂ ಭಯ. 1999ರಲ್ಲಿ ಫೋರ್ಟ್ ಕ್ಯಾಂಬೆಲ್‌ನಲ್ಲಿ ಬ್ಯಾರಿ ವಿಂಚೆಲ್ ಅನ್ನೋ ಯುವ ಸೈನಿಕನನ್ನ ಅವನ ಬ್ಯಾರಕ್ಸ್‌ನಲ್ಲೇ ಇನ್ನೊಬ್ಬ ಸೈನಿಕ ಹೊಡೆದು ಕೊಂದ.

ಈ ನೀತಿ ಇದ್ದಷ್ಟು ಕಾಲ 13,000ಕ್ಕೂ ಹೆಚ್ಚು ಜನ ಹೊರಗೆ ಹೋದ್ರು. ಇರಾಕ್ ಯುದ್ಧ ನಡೀತಿದ್ದಾಗ ಅರೇಬಿಕ್ ಬಲ್ಲ ಭಾಷಾ ತಜ್ಞರನ್ನೂ ಬಿಡಲಿಲ್ಲ. ಅರೇಬಿಕ್ ಬಲ್ಲ, ಇರಾಕ್‌ನಲ್ಲಿ ಸೇವೆ ಮಾಡಿ ಬಂದ ಲೆಫ್ಟಿನೆಂಟ್ ಡ್ಯಾನ್ ಚೋಯ್ 2009ರಲ್ಲಿ ಟಿವಿಯಲ್ಲಿ ಕೂತು ನಾನು ಗೇ ಅಂದ್ರು. 2010ರ ಮಾರ್ಚ್‌ನಲ್ಲಿ ಯೂನಿಫಾರ್ಮ್ ಹಾಕ್ಕೊಂಡೇ ಶ್ವೇತಭವನದ ಬೇಲಿಗೆ ತಮ್ಮನ್ನ ಬೇಡಿಯಿಂದ ಬಿಗಿದುಕೊಂಡ್ರು.

2010ರ ಡಿಸೆಂಬರ್ 18ಕ್ಕೆ ಸೆನೆಟ್ 65-31 ಮತಗಳಿಂದ ಆ ನೀತಿಯನ್ನ ರದ್ದು ಮಾಡೋಕೆ ಒಪ್ಪಿತು. 22ಕ್ಕೆ ಬರಾಕ್ ಒಬಾಮಾ ಸಹಿ ಹಾಕಿದ್ರು. ಜಾರಿಗೆ ಬಂದಿದ್ದು 2011ರ ಸೆಪ್ಟೆಂಬರ್ 20. ಫ್ರ್ಯಾಂಕ್ ಕ್ಯಾಮೆನಿ ಅದಾಗಿ ಮೂರು ವಾರಕ್ಕೆ, ಅಕ್ಟೋಬರ್ 11ರಂದು ತೀರಿಕೊಂಡ್ರು. ನೋಡಿಯೇ ಹೋದ್ರು.

(8/8)

ಕೊನೇ ಪೋಸ್ಟ್. ಒಂದು ಮಾತು ಬಾಕಿ ಇದೆ.

ಕ್ಯಾಮೆನಿ ಹುಡುಕಿದ್ದು ಕಳಂಕ ಇಲ್ಲದ ಸೈನಿಕನನ್ನ. ಕೋರ್ಟಿನ ಲೆಕ್ಕದಲ್ಲಿ ಅದು ಸರಿ. ಆದ್ರೆ ಮ್ಯಾಟ್ಲೊವಿಚ್ ಅವರ ಪದಕಗಳನ್ನೆಲ್ಲ ಪಕ್ಕಕ್ಕಿಟ್ಟು ಯೋಚನೆ ಮಾಡಿ. ಅಡುಗೆ ಕೋಣೆಯಲ್ಲಿ ಕೆಲಸ ಮಾಡೋ ಸಾಧಾರಣ ಸೈನಿಕ, ಸೇರಿ ಆರು ತಿಂಗಳಾದ ಹತ್ತೊಂಬತ್ತರ ಹುಡುಗಿ, ಇವರ ಪರ ಟೈಮ್ ಮುಖಪುಟ ಬರಲ್ಲ. ಬಿಡುಗಡೆ ಪತ್ರದಲ್ಲಿ "ಗೌರವ" ಅನ್ನೋ ಪದ ಇಲ್ಲದೆ, ಸೌಲಭ್ಯ ಇಲ್ಲದೆ, ಮನೆಗೆ ಏನು ಹೇಳೋದು ಅಂತ ಗೊತ್ತಿಲ್ಲದೆ ವಾಪಸ್ ಹೋದವರಲ್ಲಿ ಇಂಥವರೇ ಹೆಚ್ಚು. ಒಪ್ಪಿತ ಸಲಿಂಗ ಸಂಬಂಧಕ್ಕಾಗಿ ಸೇನಾ ಕೋರ್ಟಿನಲ್ಲಿ ಶಿಕ್ಷೆ ಆದವರಿಗೆ ಅಧ್ಯಕ್ಷರ ಕ್ಷಮಾದಾನ ಬಂದಿದ್ದು 2024ರ ಜೂನ್‌ನಲ್ಲಿ. ಅಷ್ಟರಲ್ಲಿ ಎಷ್ಟು ಜನ ಬದುಕಿದ್ರು?

ಹಕ್ಕು ಬಹುಮಾನ ಅಲ್ಲ. ಮೂರು ಸಲ ಯುದ್ಧಕ್ಕೆ ಹೋಗಿ ಬಂದು ಆಮೇಲೆ ಗಳಿಸೋ ವಸ್ತುವೂ ಅಲ್ಲ. ಮ್ಯಾಟ್ಲೊವಿಚ್ ಕೂಡ ಕೊನೆಗೆ ತಮ್ಮ ಕಲ್ಲಿನ ಮುಖದ ಮೇಲಿಂದ ಹೆಸರನ್ನೇ ಬಿಟ್ಟಿದ್ದು ಇದಕ್ಕೇ ಅನ್ನೋದು ನನ್ನ ಓದು.

ನಮ್ಮ ದೇಶದಲ್ಲಿ ಹೇಗೆ ಅಂತ ನೀವು ಕೇಳೇ ಕೇಳ್ತೀರ. 2018ರ ಸೆಪ್ಟೆಂಬರ್ 6ಕ್ಕೆ ನಮ್ಮ ಸುಪ್ರೀಂ ಕೋರ್ಟ್, ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಹೇಳಿತು. 2019ರ ಜನವರಿಯಲ್ಲಿ ಆಗಿನ ಸೇನಾ ಮುಖ್ಯಸ್ಥರು, ಸೇನೆಯೊಳಗೆ ಇದಕ್ಕೆ ಅವಕಾಶ ಇಲ್ಲ ಅಂದ್ರು. ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕೋ ಅಧಿಕಾರವನ್ನ ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಅದು ಬೇರೆಯದೇ ಸೀರೀಸ್ ಆಗುತ್ತೆ.

ಈಗ ನಿಮ್ಮ ಸರದಿ. ಆ ಕಾಗದಕ್ಕೆ ಸಹಿ ಹಾಕಿ ಕೆಲಸ ಉಳಿಸ್ಕೊಂಡಿದ್ರೆ ಮ್ಯಾಟ್ಲೊವಿಚ್ ಅವರನ್ನ ನೀವು ತಪ್ಪು ಅಂತಿದ್ರಾ? ಸುಮ್ನೆ ಲೈಕ್ ಒತ್ತಿ ಹೋಗಬೇಡಿ, ಕಾಮೆಂಟ್‌ನಲ್ಲಿ ಬರೀರಿ. ಇತಿಹಾಸ ಓದೋ ಒಬ್ಬ ಫ್ರೆಂಡ್‌ಗೆ ಕಳಿಸಿ.

#ಇತಿಹಾಸ #ಕನ್ನಡದಲ್ಲಿಇತಿಹಾಸ #ಸಮಾನಹಕ್ಕು #ಮ್ಯಾಟ್ಲೊವಿಚ್