ಮಡಿಸಿದ ಕಾಗದ, ಬಿಡಿಸಿದ ಗಣಿತ

ಮಳೆಗಾಲದಲ್ಲಿ ಅಂಗಳದ ನೀರಿಗೆ ಕಾಗದದ ದೋಣಿ ಬಿಡದೆ ಬೆಳೆದವರು ಕಡಿಮೆ. ಹಳೆಯ ನೋಟುಪುಸ್ತಕದ ಒಂದು ಹಾಳೆ, ನಾಲ್ಕಾರು ಮಡಿಕೆ, ಅಷ್ಟೇ ಬಂಡವಾಳ. ದೀಪಾವಳಿ ಬಂತೆಂದರೆ ಕರಾವಳಿಯ ಮನೆಗಳಲ್ಲಿ ಬಿದಿರುಕಡ್ಡಿಯ ಚೌಕಟ್ಟಿಗೆ ಬಣ್ಣದ ಕಾಗದ ಅಂಟಿಸಿ ಗೂಡುದೀಪ ಕಟ್ಟುತ್ತಾರೆ. ಹುಟ್ಟುಹಬ್ಬಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ಕಾಗದದ ಮಾಲೆ, ಹೂವು, ನಕ್ಷತ್ರಗಳು ತೂಗಾಡುತ್ತವೆ. ಹಬ್ಬ ಮುಗಿದ ಮೇಲೆ ಅವೆಲ್ಲ ಕಸದ ಬುಟ್ಟಿ ಸೇರುತ್ತವೆ. ಬಾಳಿಕೆಯಿಲ್ಲದ ಈ ಕೈಕೆಲಸವನ್ನು ಯಾರೂ ವಿದ್ಯೆಯೆಂದು ಎಣಿಸುವುದಿಲ್ಲ. ‘ಮಕ್ಕಳಾಟ’ ಎಂಬ ಒಂದೇ ಮಾತಿನಲ್ಲಿ ಅದರ ಕಥೆ ಮುಗಿದುಹೋಗುತ್ತದೆ.

ಆದರೆ ಈ ಮಕ್ಕಳಾಟಕ್ಕೆ ದೊಡ್ಡ ಇತಿಹಾಸವೇ ಇದೆ. ಅದರಲ್ಲಿ ಜಪಾನಿನ ಮಂಗಳಕಾರ್ಯಗಳಿವೆ, ಜರ್ಮನಿಯ ಶಿಶುವಿಹಾರವಿದೆ, ಮದ್ರಾಸ್ ಪ್ರಾಂತ್ಯದ ಒಬ್ಬ ಸರ್ಕಾರಿ ಅಧಿಕಾರಿ ಇದ್ದಾರೆ. ಗ್ರೀಕರ ಕಾಲದಿಂದ ಪಂಡಿತರನ್ನು ಕಾಡಿದ ಒಂದು ಲೆಕ್ಕಕ್ಕೆ ಕಾಗದದ ಒಂದು ಮಡಿಕೆ ಉತ್ತರ ಕೊಟ್ಟ ಪ್ರಸಂಗವೂ ಇದೆ.

ಕಾಗದ ಹುಟ್ಟಿದ್ದು ಚೀನಾದಲ್ಲಿ. ಅಲ್ಲಿಂದ ಕೊರಿಯಾದ ಮೂಲಕ ಏಳನೆಯ ಶತಮಾನದ ಆರಂಭದ ಹೊತ್ತಿಗೆ ಅದು ಜಪಾನನ್ನು ತಲುಪಿತ್ತು. ಕೈಯಿಂದ ತಯಾರಾಗುತ್ತಿದ್ದ ಕಾಗದ ಆಗ ದುಬಾರಿ ವಸ್ತು. ಹೀಗಾಗಿ ಜಪಾನಿನಲ್ಲಿ ಕಾಗದ ಮಡಿಸುವುದು ಮೊದಲು ವಿನೋದಕ್ಕಾಗಿ ಇರಲಿಲ್ಲ, ಶಾಸ್ತ್ರಾಚಾರಕ್ಕಾಗಿ ಇತ್ತು. ಉಡುಗೊರೆಯ ಜೊತೆ ಇಡುವ ‘ನೋಶಿ’ ಎಂಬ ಮಡಿಕೆ, ಮದುವೆಯಲ್ಲಿ ಮದ್ಯದ ಪಾತ್ರೆಗೆ ಕಟ್ಟುವ ಕಾಗದದ ಚಿಟ್ಟೆ ಇವು ಆ ಸಂಪ್ರದಾಯದ ಕುರುಹುಗಳು. ಯಾವ ವಸ್ತುವನ್ನು ಹೇಗೆ ಮಡಿಸಿ ಸುತ್ತಬೇಕೆಂಬುದನ್ನು ವಿವರಿಸುವ ಗ್ರಂಥವೊಂದು 1764ರಲ್ಲಿ ಅಲ್ಲಿ ರಚಿತವಾಯಿತು.

ಕಾಗದ ಅಗ್ಗವಾದಂತೆ ಶಾಸ್ತ್ರ ವಿನೋದವಾಯಿತು. 1797ರಲ್ಲಿ ಪ್ರಕಟವಾದ ‘ಹಿದೆನ್ ಸೆಂಬಾಜುರು ಒರಿಕಾತಾ’ ಎಂಬ ಪುಸ್ತಕ ಕೇವಲ ಸಂತೋಷಕ್ಕಾಗಿ ಕಾಗದ ಮಡಿಸುವುದನ್ನು ಕಲಿಸುವ ಅತ್ಯಂತ ಹಳೆಯ ಮುದ್ರಿತ ಕೃತಿಗಳಲ್ಲೊಂದು. ಒಂದೇ ಹಾಳೆಯಿಂದ ಒಂದಕ್ಕೊಂದು ಅಂಟಿಕೊಂಡ ಕೊಕ್ಕರೆಗಳ ಸಾಲುಗಳನ್ನು ಮಾಡುವ 49 ಬಗೆಗಳನ್ನು ಅದು ತೋರಿಸುತ್ತದೆ. ಸಾವಿರ ಕೊಕ್ಕರೆಗಳನ್ನು ಮಡಿಸಿ ದಾರಕ್ಕೆ ಪೋಣಿಸಿ ತೂಗುಹಾಕುವುದು ಇಂದಿಗೂ ಆ ನಾಡಿನಲ್ಲಿ ಹಾರೈಕೆಯ ಸಂಕೇತ.

ಇತ್ತ ಯೂರೋಪಿನಲ್ಲಿ ಕಾಗದದ ಮಡಿಕೆಗೆ ಬೇರೆಯೇ ಒಂದು ಬಾಗಿಲು ತೆರೆಯಿತು. ಜರ್ಮನಿಯ ಶಿಕ್ಷಣ ಚಿಂತಕ ಫ್ರೆಡರಿಕ್ ಫ್ರೋಬೆಲ್ (1782-1852) ಪುಟ್ಟ ಮಕ್ಕಳಿಗಾಗಿ 1837ರಲ್ಲಿ ಒಂದು ಸಂಸ್ಥೆಯನ್ನು ಆರಂಭಿಸಿ, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಮಗು ಪುಸ್ತಕಕ್ಕಿಂತ ಮೊದಲು ಕೈಯಿಂದ ಕಲಿಯುತ್ತದೆ ಎಂಬುದು ಅವರ ನಂಬಿಕೆ. ಅದಕ್ಕಾಗಿ ಚೆಂಡು, ಮರದ ದಿಮ್ಮಿಗಳ ಜೊತೆಗೆ ಕಾಗದವನ್ನು ಮಡಿಸುವುದು, ಕತ್ತರಿಸುವುದು, ಪಟ್ಟಿಗಳನ್ನು ಚಾಪೆಯಂತೆ ಹೆಣೆಯುವುದು ಇವನ್ನೆಲ್ಲ ಕ್ರಮಬದ್ಧವಾದ ಪಾಠಗಳನ್ನಾಗಿಸಿದರು. ನಾಲ್ಕು ಕಾಗದದ ಪಟ್ಟಿಗಳನ್ನು ಹೆಣೆದು ಮಾಡುವ, ಜರ್ಮನಿಯಲ್ಲಿ ಕ್ರಿಸ್‌ಮಸ್ ಮರಕ್ಕೆ ಕಟ್ಟುವ ನಕ್ಷತ್ರವನ್ನು ಇಂದಿಗೂ ಫ್ರೋಬೆಲ್ ನಕ್ಷತ್ರವೆಂದೇ ಕರೆಯುತ್ತಾರೆ.

ಮಕ್ಕಳ ಕೈಯ ಬಣ್ಣದ ಕಾಗದವೂ ಸರ್ಕಾರಕ್ಕೆ ಭಯ ಹುಟ್ಟಿಸಬಲ್ಲದು! 1851ರಲ್ಲಿ ಪ್ರಷ್ಯಾದ ಸರ್ಕಾರ ಇಂತಹ ಶಾಲೆಗಳಲ್ಲಿ ನಾಸ್ತಿಕತೆ ಮತ್ತು ಸಮಾಜವಾದದ ವಾಸನೆ ಕಂಡು ಅವನ್ನು ನಿಷೇಧಿಸಿತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಅವರ ಶಿಷ್ಯರು, ಅದರಲ್ಲೂ ಮಹಿಳೆಯರು, ಈ ಪದ್ಧತಿಯನ್ನು ಹೊರನಾಡುಗಳಿಗೆ ಕೊಂಡೊಯ್ದಿದ್ದರು. 1876ರಲ್ಲಿ ಟೋಕಿಯೋದಲ್ಲಿ ಇಂತಹ ಶಾಲೆ ತೆರೆದಾಗ ಜರ್ಮನಿಯ ಮಡಿಕೆಗಳೂ ಜಪಾನಿನ ಮಡಿಕೆಗಳೂ ಒಂದೇ ತರಗತಿಯಲ್ಲಿ ಸೇರಿದವು.

ಇದೇ ಅಲೆ ಭಾರತಕ್ಕೂ ಬಂತು. ಮದ್ರಾಸ್ ಪ್ರಾಂತ್ಯದ ಸರ್ಕಾರಿ ಸೇವೆಯಲ್ಲಿದ್ದ ಟಿ. ಸುಂದರ ರಾವ್ ಅವರ ಕೈಗೆ ಕಿಂಡರ್‌ಗಾರ್ಟನ್ನಿನ ಎಂಟನೆಯ ‘ಕೊಡುಗೆ’ ಸಿಕ್ಕಿತು. ಅದರಲ್ಲಿದ್ದದ್ದು ಬಣ್ಣಬಣ್ಣದ 200 ಚೌಕ ಕಾಗದಗಳು, ಮಡಿಸಲು ಒಂದು ಪಟ್ಟಿ, ಚಿತ್ರಸಹಿತ ಸೂಚನೆಗಳು. ಬೇರೆಯವರು ಇದರಲ್ಲಿ ಹಕ್ಕಿ, ದೋಣಿಗಳನ್ನು ಕಂಡರೆ ಸುಂದರ ರಾವ್ ರೇಖಾಗಣಿತವನ್ನೇ ಕಂಡರು. ಕಾಗದ ಮಡಿಸಿದಾಗ ಮೂಡುವ ಗೆರೆ ತಾನಾಗಿಯೇ ನೇರ. ಆ ಗೆರೆಯ ಮೇಲೆಯೇ ಮತ್ತೊಮ್ಮೆ ಮಡಿಸಿದರೆ ಲಂಬಕೋನ. ಅಂಚಿಗೆ ಅಂಚು ಸೇರಿಸಿ ಮಡಿಸಿದರೆ ಕೋನ ಎರಡು ಸಮಭಾಗ. ಹಾಗಾದರೆ ಅಳತೆಪಟ್ಟಿ, ಕೈವಾರಗಳೇ ಇಲ್ಲದೆ ಎಷ್ಟು ದೂರ ಹೋಗಬಹುದು?

ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರವೇ 1893ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ‘ಜಿಯೊಮೆಟ್ರಿಕ್ ಎಕ್ಸರ್ಸೈಸಸ್ ಇನ್ ಪೇಪರ್ ಫೋಲ್ಡಿಂಗ್’. ಈ ಅಭ್ಯಾಸಗಳಿಗೆ ಒಂದು ಚಾಕು, ಕೆಲವು ಕಾಗದದ ಚೂರು ಸಾಕು ಎಂದರು ಅವರು. ಅಂಕುಡೊಂಕಾದ ಹಾಳೆಯಿಂದ ಚೌಕ ಮಾಡುವುದರಿಂದ ಪುಸ್ತಕ ಆರಂಭವಾಗುತ್ತದೆ. ಮುಂದೆ ತ್ರಿಭುಜ, ಪಂಚಭುಜ, ಷಡ್ಭುಜಗಳು, ಪೈಥಾಗೊರಸನ ಪ್ರಮೇಯ, ಶ್ರೇಢಿಗಳು, ಕೊನೆಗೆ ಪರವಲಯ, ದೀರ್ಘವೃತ್ತದಂತಹ ವಕ್ರರೇಖೆಗಳವರೆಗೆ ಸಾಗುತ್ತದೆ.

ಅವರ ಒಂದು ಮಡಿಕೆಯನ್ನು ಓದುಗರೂ ಮಾಡಿ ನೋಡಬಹುದು. ಚೌಕ ಕಾಗದವೊಂದನ್ನು ಎಡದ ಅಂಚು ಬಲದ ಅಂಚಿಗೆ ಸೇರುವಂತೆ ಮಡಿಸಿ ಬಿಡಿಸಿದರೆ ನಡುವೆ ಒಂದು ಗೆರೆ ಬೀಳುತ್ತದೆ. ಈಗ ಕೆಳಗಿನ ಎಡಮೂಲೆಯನ್ನು ಕದಲದಂತೆ ಒತ್ತಿಹಿಡಿದು, ಕೆಳಗಿನ ಬಲಮೂಲೆಯನ್ನು ಮೇಲೆತ್ತಿ ಆ ನಡುಗೆರೆಯ ಮೇಲೆ ಕೂರಿಸಬೇಕು. ಮೂಲೆ ಕೂತ ಜಾಗದಲ್ಲಿ ಒಂದು ಚುಕ್ಕಿ ಇಟ್ಟು, ಅಲ್ಲಿಂದ ಕೆಳಗಿನ ಎರಡೂ ಮೂಲೆಗಳಿಗೆ ಗೆರೆ ಮಡಿಸಿದರೆ ಮೂರೂ ಬಾಹು ಸಮನಾದ ತ್ರಿಭುಜ ಸಿದ್ಧ. ಚೌಕದ ಅಂಚೇ ಇಲ್ಲಿ ಕೈವಾರದ ಕಾಲಿನಂತೆ ತಿರುಗಿದೆ. ಇಂತಹ ಎರಡು ತ್ರಿಭುಜಗಳನ್ನು ಕತ್ತರಿಸಿ, ಒಂದನ್ನು ತಲೆಕೆಳಗಾಗಿಸಿ ಇನ್ನೊಂದರ ಮೇಲೆ ಅಂಟಿಸಿದರೆ ಬಾಗಿಲಿಗೆ ತೂಗುಹಾಕಲು ಆರು ಮೂಲೆಯ ನಕ್ಷತ್ರವೂ ಸಿದ್ಧ.

ಮದ್ರಾಸಿನ ಈ ಪುಸ್ತಕ ಅಲ್ಲಿಯೇ ಮರೆಯಾಗಬಹುದಿತ್ತು. ಆದರೆ ಅದು ಜರ್ಮನಿಯ ಪ್ರಖ್ಯಾತ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅವರ ಕಣ್ಣಿಗೆ ಬಿತ್ತು. ರೇಖಾಗಣಿತದ ಸಮಸ್ಯೆಗಳನ್ನು ಕುರಿತ ತಮ್ಮ ಕೃತಿಯಲ್ಲಿ ಅವರು ಇದನ್ನು ಪ್ರಸ್ತಾಪಿಸಿದರು. ಆ ಉಲ್ಲೇಖದ ಎಳೆ ಹಿಡಿದು ಅಮೆರಿಕದ ಇಬ್ಬರು ಪ್ರಾಧ್ಯಾಪಕರು ಪುಸ್ತಕವನ್ನು ಸಂಪಾದಿಸಿ 1901ರಲ್ಲಿ ಷಿಕಾಗೋದಲ್ಲಿ ಮರುಮುದ್ರಣ ಮಾಡಿಸಿದರು. ಆಟಿಕೆಯಾಗಿ ಯೂರೋಪಿನಿಂದ ಬಂದದ್ದು ಶಾಸ್ತ್ರವಾಗಿ ಹಿಂತಿರುಗಿತ್ತು.

ಆದರೂ ಒಂದು ಕಡೆ ಸುಂದರ ರಾವ್ ಕಾಗದದ ಶಕ್ತಿಯನ್ನು ಕಡಿಮೆ ಅಂದಾಜು ಮಾಡಿದ್ದರು. ಪ್ರಾಚೀನ ಗ್ರೀಸಿನಲ್ಲಿ ಒಂದು ಐತಿಹ್ಯವಿತ್ತು. ಡೆಲೋಸ್ ದ್ವೀಪದವರು ಸಾಂಕ್ರಾಮಿಕ ರೋಗದಿಂದ ಪಾರಾಗಲು ದೈವವಾಣಿ ಕೇಳಿದಾಗ, ಘನಾಕಾರದ ಬಲಿಪೀಠವನ್ನು ಗಾತ್ರದಲ್ಲಿ ಸರಿಯಾಗಿ ಎರಡು ಪಟ್ಟು ಮಾಡಿರೆಂದು ಅಪ್ಪಣೆಯಾಯಿತಂತೆ. ಬದಿಗಳನ್ನು ಇಮ್ಮಡಿ ಮಾಡಿದರೆ ಗಾತ್ರ ಎಂಟು ಪಟ್ಟಾಗುತ್ತದೆ. ಬೇಕಾದದ್ದು ಎರಡರ ಘನಮೂಲದಷ್ಟು ಉದ್ದ. ಅಳತೆಗೆರೆಗಳಿಲ್ಲದ ಪಟ್ಟಿ ಮತ್ತು ಕೈವಾರಗಳಿಂದ ಆ ಉದ್ದವನ್ನು ಪಡೆಯುವುದು ಅಸಾಧ್ಯವೆಂದು 1837ರಲ್ಲಿ ಫ್ರಾನ್ಸಿನ ಪಿಯರ್ ವಾಂಟ್ಸೆಲ್ ಸಿದ್ಧಪಡಿಸಿದರು. ಕಾಗದದಿಂದಲೂ ಅದು ಆಗದು ಎಂಬ ಸೂಚನೆ ಸುಂದರ ರಾವ್ ಅವರ ಪುಸ್ತಕದಲ್ಲಿದೆ.

1936ರಲ್ಲಿ ಇಟಲಿಯ ಫೆರಾರಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಮಾರ್ಗರಿಟಾ ಬೆಲೋಕ್ ಇದನ್ನು ಸುಳ್ಳಾಗಿಸಿದರು. ಕಾಗದದ ಮೇಲೆ ಎರಡು ಚುಕ್ಕಿ, ಎರಡು ಗೆರೆ ಇವೆ ಎನ್ನೋಣ. ಮೊದಲ ಚುಕ್ಕಿ ಮೊದಲ ಗೆರೆಯ ಮೇಲೂ, ಎರಡನೆಯ ಚುಕ್ಕಿ ಎರಡನೆಯ ಗೆರೆಯ ಮೇಲೂ ಏಕಕಾಲಕ್ಕೆ ಕೂರುವಂತೆ ಒಂದೇ ಸಲ ಮಡಿಸಬೇಕು. ಕಾಗದವನ್ನು ಅತ್ತಿತ್ತ ಸರಿಸುತ್ತ ಕೈ ಇದನ್ನು ಸಾಧಿಸಿಬಿಡುತ್ತದೆ. ಕೈವಾರಕ್ಕೆ ಇದು ಸಾಧ್ಯವಿಲ್ಲ. ಈ ಒಂದು ಮಡಿಕೆಯಿಂದ ಘನ ಸಮೀಕರಣಗಳನ್ನು ಬಿಡಿಸಬಹುದು, ಎರಡರ ಘನಮೂಲವನ್ನೂ ಪಡೆಯಬಹುದು ಎಂದು ಬೆಲೋಕ್ ತೋರಿಸಿಕೊಟ್ಟರು. ಅವರ ಶೋಧ ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. 1989ರಲ್ಲಿ ಕಾಗದ ಮಡಿಕೆಯ ವಿಜ್ಞಾನವನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆದದ್ದು ಅದೇ ಫೆರಾರಾದಲ್ಲಿ. 1995ರಲ್ಲಿ ಜಪಾನ್ ಹಾರಿಸಿದ ಉಪಗ್ರಹದಲ್ಲಿ, ವಿಜ್ಞಾನಿ ಕೋರಿಯೋ ಮಿಯೂರಾ ರೂಪಿಸಿದ ಮಡಿಕೆಯ ಕ್ರಮದಲ್ಲಿ ಸುತ್ತಿಟ್ಟಿದ್ದ ಸೌರಫಲಕ ಬಾಹ್ಯಾಕಾಶದಲ್ಲಿ ಬಿಚ್ಚಿಕೊಂಡಿತು.

ಇಷ್ಟಾದರೂ ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ ‘ಕ್ರಾಫ್ಟ್’ ಬೇರೆ, ಗಣಿತ ಬೇರೆ. ಮೊದಲನೆಯದು ಹೊತ್ತು ಕಳೆಯಲು, ಎರಡನೆಯದು ಅಂಕ ಗಳಿಸಲು. ಪರೀಕ್ಷೆ ಹತ್ತಿರ ಬಂದಾಗ ಮೊದಲು ರದ್ದಾಗುವುದು ಕ್ರಾಫ್ಟ್ ತರಗತಿಯೇ. ಪ್ರಮೇಯವನ್ನು ಬಾಯಿಪಾಠ ಮಾಡಿ ಮರೆಯುವ ಮಗು ತಾನು ಮಡಿಸಿದ ತ್ರಿಭುಜವನ್ನು ಅಷ್ಟು ಸುಲಭವಾಗಿ ಮರೆಯಲಾರದು ಎಂಬುದನ್ನು ಸುಂದರ ರಾವ್ ಅರಿತಿದ್ದರು. ಅವರು ಬೇಡಿದ ಸಲಕರಣೆಯಾದರೂ ಎಷ್ಟು? ಕೆಲವು ಕಾಗದದ ಚೂರು. ಯಾವ ಬಡ ಶಾಲೆಗೂ, ಯಾವ ಮನೆಗೂ ಅದು ಭಾರವಲ್ಲ. ಮುಂದಿನ ಮಳೆಗೆ ಮಗುವೊಂದು ಹಾಳೆ ಹರಿದು ದೋಣಿ ಮಾಡಲು ಕೂತಾಗ ಗದರುವ ಮೊದಲು ಹಿರಿಯರು ಒಂದು ಗಳಿಗೆ ಪಕ್ಕದಲ್ಲಿ ಕೂತು ಆ ಮಡಿಕೆಗಳನ್ನು ಬಿಡಿಸಿ ನೋಡುವುದು ಒಳ್ಳೆಯದು. ಯೂಕ್ಲಿಡನ ಅರ್ಧ ಪಾಠ ಆ ಗೆರೆಗಳಲ್ಲೇ ಬಿದ್ದಿರುತ್ತದೆ.