ಏಳು ಕಂಡಿಯ ಜೀಪು

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಪಾಲಾಯಿತು. ತೋಟ, ಗದ್ದೆ, ಕಣ, ಹಾಸನದ ಸೈಟು ಎಲ್ಲವನ್ನೂ ಪಾಲುಪಟ್ಟಿಯಲ್ಲಿ ಬರೆದೆವು. ಬರೆಯದೆ ಬಿಟ್ಟದ್ದು ಒಂದೇ, ಜೀಪು. ಮರೆತು ಬಿಟ್ಟದ್ದಲ್ಲ. ಅದನ್ನು ಯಾರ ಹೆಸರಿಗೆ ಬರೆಯಬೇಕು ಎಂದು ಕೇಳುವ ಧೈರ್ಯ ಅಣ್ಣನಿಗೂ ಇರಲಿಲ್ಲ, ನನಗೂ ಇರಲಿಲ್ಲ, ತಂಗಿಗೂ ಇರಲಿಲ್ಲ. ಅದು 2019ರ ಮಾತು. ಜೀಪು ಕಣದ ಪಕ್ಕದ ಶೆಡ್ಡಿನಲ್ಲಿ, ಹಳೆಯ ಪಲ್ಪರ್ ಯಂತ್ರದ ಜೊತೆ ನಿಂತೇ ಇತ್ತು.

ಮೂರು ವರ್ಷದ ನಂತರ ಬೆಂಗಳೂರಿನಿಂದ ಒಬ್ಬರು ಅದನ್ನು ನೋಡಲು ಬರುತ್ತೇನೆಂದು ಅಣ್ಣನಿಗೆ ಫೋನು ಮಾಡಿದರು. ಹಳೆಯ ಗಾಡಿಗಳನ್ನು ಕೂಡಿಡುವ ಹವ್ಯಾಸದವರು. ಯುದ್ಧದ ಜೀಪೇ ಆಗಿದ್ದರೆ ಒಳ್ಳೆಯ ಬೆಲೆ ಕೊಡುತ್ತೇನೆಂದರು. ಆ ವರ್ಷ ಮಳೆ ಹೆಚ್ಚಾಗಿ ಕಾಫಿ ಉದುರಿತ್ತು, ಅಣ್ಣನಿಗೆ ದುಡ್ಡಿನ ಅಗತ್ಯವಿತ್ತು. 'ಯುದ್ಧದ್ದೇ, ಬರ್ಮಾದಿಂದ ಬಂದದ್ದು' ಎಂದು ಅವನು ಹೇಳಿಬಿಟ್ಟ. ಹೇಳಿದ್ದರಲ್ಲಿ ಮೋಸವೇನೂ ಇರಲಿಲ್ಲ. ನಾವು ಮೂವರೂ ಹುಟ್ಟಿದಾಗಿನಿಂದ ಅದನ್ನೇ ನಂಬಿದ್ದೆವು. 'ಇದು ಜಪಾನಿನವರ ಮೇಲೆ ಯುದ್ಧ ಮಾಡಿದ ಗಾಡಿ' ಎಂದು ಅಜ್ಜ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಹಿಂದಿನ ಮಡ್ಗಾರ್ಡಿನ ತಗ್ಗೊಂದನ್ನು ಗುಂಡಿನ ಗುರುತು ಎಂದು ತೋರಿಸುತ್ತಿದ್ದರು. ಸಣ್ಣವರಿದ್ದಾಗ ನಾವು ಆ ತಗ್ಗಿನಲ್ಲಿ ಬೆರಳಿಟ್ಟು ನೋಡುತ್ತಿದ್ದೆವು.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು. ಆಧಾರವಿಲ್ಲದೆ ಬರೆಯಬೇಡಿ ಎಂದು ಹುಡುಗರ ಅಂಕ ಕಳೆದವನು. ಆದರೆ ನಮ್ಮ ಶೆಡ್ಡಿನಲ್ಲಿದ್ದ ಇತಿಹಾಸಕ್ಕೆ ಆಧಾರ ಕೇಳುವುದು ಹೊಳೆದೇ ಇರಲಿಲ್ಲ. ಬೆಲೆಯ ಮಾತು ಬಂದ ಮೇಲೆ ಹೊಳೆಯಿತು.

ಜೀಪಿನ ಕತೆ ಶುರುವಾಗುವುದು 1940ರಲ್ಲಿ. ಯುರೋಪಿನಲ್ಲಿ ಯುದ್ಧ ಹತ್ತಿಕೊಂಡಿತ್ತು. ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕೂ ಚಕ್ರ ಎಳೆಯುವ ಒಂದು ಸಣ್ಣ ಗಾಡಿ ಬೇಕಿತ್ತು. ಮೊದಲ ಮಾದರಿಗೆ ಸೈನ್ಯ ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಎಂಬ ಸಣ್ಣ ಕಂಪನಿ, ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ ನಕ್ಷೆಯಿಂದ ಅದನ್ನು ಮಾಡಿಕೊಟ್ಟಿತು. ಆದರೆ ದೊಡ್ಡ ಆರ್ಡರು ಆ ಸಣ್ಣ ಕಂಪನಿಯ ಪಾಲಿಗೆ ಬರಲಿಲ್ಲ. ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಸೇರಿ 1941ರಿಂದ 1945ರೊಳಗೆ ಆರು ಲಕ್ಷಕ್ಕೂ ಮೀರಿ ಜೀಪು ಮಾಡಿದವು. 60 ಅಶ್ವಶಕ್ತಿಯ ಎಂಜಿನು, ಸುಮಾರು ಒಂದು ಟನ್ ತೂಕ. ಹೂತುಕೊಂಡರೆ ನಾಲ್ಕು ಜನ ಕೈಕೊಟ್ಟು ಮೇಲೆತ್ತಬಹುದಾದ ಗಾಡಿ. ಇಂಫಾಲ, ಕೊಹಿಮಾ, ಅಸ್ಸಾಮಿನ ಲೇಡೊದಿಂದ ಬರ್ಮಾದೊಳಗೆ ಕಡಿದ ಹೊಸ ರಸ್ತೆ, ಎಲ್ಲ ಕಡೆಯೂ ಈ ಜೀಪುಗಳು ಓಡಿದವು. ಯುದ್ಧ ಮುಗಿದ ಮೇಲೆ ಉಳಿದವು ಹರಾಜಾಗಿ ನಮ್ಮ ದೇಶದ ಮೂಲೆಮೂಲೆಗೂ ಹರಡಿಕೊಂಡವು. ಆದ್ದರಿಂದ ಅಜ್ಜನ ಮಾತು ಆಗದ ಮಾತೇನಲ್ಲ.

ಇನ್ನೊಂದು ದಾರಿಯೂ ಇತ್ತು. 1945ರಲ್ಲಿ ಮಹೀಂದ್ರ ಸೋದರರು ಮತ್ತು ಗುಲಾಮ್ ಮೊಹಮ್ಮದ್ ಎಂಬುವರು ಸೇರಿ ಉಕ್ಕಿನ ವ್ಯಾಪಾರಕ್ಕೆ ಒಂದು ಕಂಪನಿ ಕಟ್ಟಿದರು. ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಎರಡೇ ವರ್ಷದಲ್ಲಿ ದೇಶ ಪಾಲಾಯಿತು. ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುವ ಕೆಲಸವನ್ನು ಅದು ಹಿಡಿಯಿತು, ಕ್ರಮೇಣ ಇಲ್ಲಿಯೇ ತಯಾರಿಸತೊಡಗಿತು. ಮಲೆನಾಡಿನ ತೋಟಗಳಿಗೆ ಬಂದ ಜೀಪುಗಳಲ್ಲಿ ಬಹುಪಾಲು ಇವೇ.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಯುದ್ಧದ ಜೀಪಿನ ಒತ್ತಿದ ತಗಡಿನ ಮುಖದಲ್ಲಿ ಒಂಬತ್ತು ಉದ್ದ ಕಂಡಿಗಳು. ನಾಗರಿಕರಿಗೆಂದು 1945ರ ನಂತರ ಮಾಡಿದವಕ್ಕೆ ಏಳು. ಈ ಏಳು ಕಂಡಿಯ ಮುಖ ಯಾರ ಸ್ವತ್ತು ಎಂದು 2018ರಿಂದೀಚೆಗೆ ಅಮೆರಿಕದಲ್ಲಿ ಎರಡು ಕಂಪನಿಗಳ ನಡುವೆ ವ್ಯಾಜ್ಯವೇ ನಡೆಯಿತು. ಯುದ್ಧದ ಜೀಪಿಗೆ ಹಿಂದೆ ತೆಗೆಯುವ ಬಾಗಿಲಿಲ್ಲ, ನಾಗರಿಕ ಜೀಪಿಗೆ ಉಂಟು. 1953ರಲ್ಲಿ ಬಂದ ಸಿಜೆ-3ಬಿ ಮಾದರಿಗೆ ಬಾನೆಟ್ಟು ಎತ್ತರ. ಅದರ ಹೊಸ ಎಂಜಿನಿನಲ್ಲಿ ಗಾಳಿ ಪೆಟ್ರೋಲು ಒಳಬರುವ ವಾಲ್ವುಗಳು ಮೇಲಕ್ಕೆ ಹೋಗಿ, ಎಂಜಿನೇ ಉದ್ದವಾಗಿತ್ತು. ಅದಕ್ಕೆ ಬಾನೆಟ್ಟನ್ನೂ ಎತ್ತರಿಸಿದರು.

ಟಾರ್ಚು ಹಿಡಿದು ಶೆಡ್ಡಿಗೆ ಹೋದೆ. ಎಣಿಸಿದೆ. ಏಳು. ಇನ್ನೊಮ್ಮೆ ಎಣಿಸಿದೆ, ಏಳೇ. ಹಿಂದೆ ಬಾಗಿಲು. ಬಾನೆಟ್ಟು ನನ್ನ ಎದೆ ಮಟ್ಟ. ಆರ್‌ಸಿ ಪುಸ್ತಕವನ್ನು ಅಮ್ಮನ ಪೆಟ್ಟಿಗೆಯಿಂದ ತೆಗೆಸಿ ನೋಡಿದರೆ, ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರು, ಮೊದಲ ರಿಜಿಸ್ಟ್ರೇಷನ್ 1962. ಬರ್ಮಾ ಯುದ್ಧ ಮುಗಿದು ಹದಿನೇಳು ವರ್ಷವಾದ ಮೇಲೆ ಹುಟ್ಟಿದ ಗಾಡಿ. ಆ ಪುಸ್ತಕದಲ್ಲಿ ಎಲ್ಲ ಇತ್ತು. ನಾವು ಯಾರೂ ತೆರೆದು ಓದಿರಲಿಲ್ಲ, ಅಷ್ಟೇ.

ಮರುದಿನ ಸಕಲೇಶಪುರದಿಂದ ಮೆಕ್ಯಾನಿಕ್ ಸಾಬರನ್ನು ಕರೆತಂದೆ. ಎಪ್ಪತ್ತರ ಮೇಲಿನ ವಯಸ್ಸು, ಅಪ್ಪನ ಕಾಲದಿಂದ ಈ ಜೀಪಿನ ವೈದ್ಯರು. ಅಡಿಗೆ ನುಸುಳಿ ಸ್ವಲ್ಪ ಹೊತ್ತು ಸುಮ್ಮನಿದ್ದವರು, 'ಮೇಷ್ಟ್ರೇ, ಬಗ್ಗಿ ನೋಡಿ' ಎಂದರು. ಮುಂದಿನ ಆಕ್ಸಲಿನ ಕೆಲವು ಬೋಲ್ಟುಗಳ ತಲೆಯ ಮೇಲೆ ಗ್ರೀಸು ಒರೆಸಿದಾಗ ಒಂದೊಂದು 'ಎಫ್' ಅಕ್ಷರ ಕಾಣಿಸಿತು. ಯುದ್ಧಕಾಲದಲ್ಲಿ ಫೋರ್ಡ್ ಕಂಪನಿ ತಾನು ಮಾಡಿದ ಬಿಡಿಭಾಗಗಳ ಮೇಲೆ, ಬೋಲ್ಟುಗಳ ಮೇಲೆ ಕೂಡ, ಆ ಅಕ್ಷರ ಒತ್ತುತ್ತಿತ್ತು. 'ಈ ಆಕ್ಸಲ್ ಈ ಗಾಡಿಯದಲ್ಲ. ನಿಮ್ಮ ಅಜ್ಜನವರ ಹತ್ತಿರ ಮುಂಚೆ ಒಂದು ಡಿಸ್ಪೋಸಲ್ ಗಾಡಿ ಇತ್ತಲ್ಲ, ಅದರದ್ದಿರಬೇಕು' ಎಂದರು. ಆಗ ನೆನಪಾಯಿತು. ಶೆಡ್ಡಿನ ಹಿಂದೆ ಮೆಣಸಿನ ಬಳ್ಳಿ ಹಬ್ಬಿದ್ದ ತುಕ್ಕು ಹಿಡಿದ ಒಂದು ಚಾಸಿ. ನಾವು ಅದರ ಮೇಲೆ ಕುಳಿತು ಬಸ್ಸಿನಾಟ ಆಡುತ್ತಿದ್ದೆವು. ಅಜ್ಜ ಹೇಳಿದ್ದು ಆ ಗಾಡಿಯ ಕತೆ. ಗಾಡಿ ಬದಲಾದಾಗ ಕತೆ ಬದಲಾಗಲಿಲ್ಲ, ಒಂದು ಆಕ್ಸಲಿನ ಜೊತೆ ಈ ಗಾಡಿಗೆ ಬಂದು ಸೇರಿಕೊಂಡಿತು.

ಅಣ್ಣ ಇನ್ನೂ ಆಸೆ ಬಿಟ್ಟಿರಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ಗಾಡಿಗಳಿಗೆಂದೇ ನಿಯಮ ತಂದಿದೆ, ಐವತ್ತು ವರ್ಷ ದಾಟಿದ್ದಕ್ಕೆ ವಿಂಟೇಜ್ ಎಂಬ ಮಾನ್ಯತೆ ಸಿಗುತ್ತದೆ, ಇದು ಅರವತ್ತು ದಾಟಿದೆ ಎಂದ. ನಿಜ. ಆದರೆ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಗಾಡಿ ಮೂಲ ರೂಪದಲ್ಲಿ ಇರಬೇಕು. ಚಾಸಿ, ಬಾಡಿ, ಎಂಜಿನಿನಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ನಮ್ಮದರಲ್ಲಿ ಕಂಪನಿಯ ಪೆಟ್ರೋಲ್ ಎಂಜಿನು ಇಲ್ಲ. ಅಪ್ಪ ಅದನ್ನು ತೆಗೆಸಿ 1980ರಲ್ಲಿ ಡೀಸೆಲ್ ಎಂಜಿನು ಕೂರಿಸಿದ್ದರು. 'ಎಲ್ಲಾ ಹಾಳು ಮಾಡಿದರು ಅಪ್ಪ' ಎಂದ ಅಣ್ಣ. ನಾನೂ ತಲೆಯಾಡಿಸಿದೆ. 1973 ಮತ್ತು 1979ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಪೆಟ್ರೋಲ್ ಜೀಪು ಸಾಕುವುದು ಆನೆ ಸಾಕಿದಂತಾಗಿ, ಎಷ್ಟೋ ತೋಟದವರು ಹೀಗೆಯೇ ಮಾಡಿದ್ದರು. ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಿ, ಹಣ ಕಂತಿನಲ್ಲಿ ಬರುವುದನ್ನು ಕಾಯುತ್ತಿದ್ದ ಕಾಲ ಅದು. ಉಳಿತಾಯಕ್ಕೆ ಮಾಡಿದ್ದೆಂದು ನಾವು ತಿಳಿದಿದ್ದೆವು.

ಜಗುಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಮ್ಮ ಕತ್ತರಿ ಕೆಳಗಿಟ್ಟರು. 'ದುಡ್ಡು ಉಳಿಸಕ್ಕೆ ಅಲ್ಲ ಕಣೋ ಮಗ' ಎಂದರು.

ಆ ವರ್ಷದ ಆಷಾಢದಲ್ಲಿ ಲೈನಿನ ಹೆಂಗಸೊಬ್ಬಳಿಗೆ ರಾತ್ರಿ ಹೆರಿಗೆ ನೋವು ಬಂದಿತ್ತಂತೆ. ಅಪ್ಪನೇ ಜೀಪು ಹೊರಡಿಸಿದರು, ಅಮ್ಮ ಹಿಂದೆ ಆಕೆಯ ತಲೆ ಹಿಡಿದು ಕುಳಿತಿದ್ದರು. ಹಳ್ಳಕ್ಕೆ ಆಗ ಮೋರಿ ಇರಲಿಲ್ಲ. ನಡುನೀರಿನಲ್ಲಿ ಎಂಜಿನು ನಿಂತಿತು. ಪೆಟ್ರೋಲ್ ಎಂಜಿನು ಕಿಡಿಯಿಂದ ಉರಿಯುವಂಥದು. ಡಿಸ್ಟ್ರಿಬ್ಯೂಟರಿಗೆ ನೀರು ತಾಗಿದರೆ ಕಿಡಿ ಹುಟ್ಟದು. ಅಪ್ಪ ಬಾನೆಟ್ಟು ತೆಗೆದು, ತಮ್ಮ ಅಂಗಿ ಬಿಚ್ಚಿ ಒರೆಸಿದರು. ಮಳೆಯಲ್ಲಿ ಅಂಗಿಯೇ ಒದ್ದೆ. ಕೊನೆಗೆ ಆಳುಗಳು ಬಂದು ಕಂಬಳಿಯಲ್ಲಿ ಹೊತ್ತು ದಡ ಸೇರಿಸಿದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

'ಅಪ್ಪ ಯಾರ ಹತ್ರನೂ ಮಾತಾಡಲಿಲ್ಲ. ಮಳೆ ಬಿಟ್ಟ ಮೇಲೆ ಜೀಪನ್ನ ಹಾಸನಕ್ಕೆ ತಗೊಂಡು ಹೋದರು. ಡೀಸೆಲ್‌ಗೆ ಕಿಡಿ ಬೇಡ್ವಂತೆ, ಒತ್ತಡದ ಶಾಖಕ್ಕೇ ಹತ್ತಿಕೊಳ್ತದಂತೆ ಅಂತ ನನಗೆ ಹೇಳಿದ್ದು ಅಷ್ಟೇ. ಆಮೇಲೆ ಎಷ್ಟು ಬಾಣಂತಿಯರು ಅದರಲ್ಲಿ ಹೋಗಿ ಬಂದರು ಅಂತ ನಾನೂ ಲೆಕ್ಕ ಇಟ್ಟಿಲ್ಲ.'

ನಾನು ಆಗ ಹಾಸ್ಟೆಲಿನಲ್ಲಿದ್ದೆ. ದಸರಾ ರಜೆಗೆ ಬಂದಾಗ ಹೊಸ ಎಂಜಿನಿನ ಸದ್ದು ಕೇಳಿ, ಲಾರಿಯ ಹಾಗಿದೆಯೆಂದು ಅಪ್ಪನೆದುರು ನಕ್ಕಿದ್ದೆ. ಅಪ್ಪ ಏನೂ ಹೇಳಿರಲಿಲ್ಲ.

ಅಣ್ಣ ಆ ಸಂಜೆಯೇ ಬೆಂಗಳೂರಿಗೆ ಫೋನು ಮಾಡಿ, ಏಳು ಕಂಡಿ ಇವೆ, ಎಂಜಿನೂ ಬದಲಾಗಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ಅವರು ಸೌಜನ್ಯದಿಂದಲೇ ಬೇಡವೆಂದರು. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ದಾಖಲೆಯನ್ನು ತಿದ್ದಲಾಗಿದೆ ಎಂದು ಅವರು ತಿರಸ್ಕರಿಸಿದರು. ಅವರ ಮಟ್ಟಿಗೆ ಅದು ಸರಿ. ಆದರೆ ತಿದ್ದಿದ ಕೈ ಯಾರದು, ತಿದ್ದಿದ್ದು ಏಕೆ ಎಂಬುದೂ ದಾಖಲೆಯೇ. ಇಷ್ಟು ವರ್ಷ ಪಾಠ ಹೇಳಿದರೂ ಅದನ್ನು ನಾನು ಕಲಿತದ್ದು ಆ ದಿನ.

ಆರ್‌ಸಿ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ನಾವು ಮೂವರೂ ಒಪ್ಪಿಗೆ ಬರೆದುಕೊಟ್ಟು ಅದನ್ನು ಅಮ್ಮನ ಹೆಸರಿಗೆ ಮಾಡಿಸಿದೆವು. ಎಂಬತ್ತು ದಾಟಿದ ಅಮ್ಮ ಸ್ಟಿಯರಿಂಗ್ ಮುಟ್ಟಿದವರಲ್ಲ. ಹಳ್ಳಕ್ಕೆ ಈಗ ಮೋರಿಯಾಗಿದೆ, ಆಂಬ್ಯುಲೆನ್ಸು ಲೈನಿನ ತನಕ ಬರುತ್ತದೆ. ಜೀಪಿಗೆ ಗೊಬ್ಬರ, ಕಾಫಿ ಚೀಲ ಸಾಗಿಸುವುದಷ್ಟೇ ಕೆಲಸ. ಮಳೆಗಾಲದಲ್ಲಿ ಮಾತ್ರ ಅಣ್ಣ ವಾರಕ್ಕೊಮ್ಮೆ ಅದನ್ನು ಸ್ಟಾರ್ಟು ಮಾಡಿ ಹತ್ತು ನಿಮಿಷ ಓಡಲು ಬಿಡುತ್ತಾನೆ. ಹಾಗೆ ಮಾಡೆಂದು ಅಮ್ಮ ಹೇಳಿದ್ದಾರೆ. ಆ ಸದ್ದು ಲಾರಿಯ ಹಾಗೆಯೇ ಇದೆ. ಈಗ ನನಗೆ ನಗು ಬರುವುದಿಲ್ಲ.